ಹುರುಳಿ ಕಣದಲ್ಲಿ ಡ್ರೈವಿಂಗ್ ಟೆಸ್ಟ್

"ಮೂವತ್ತು ದಿನ, ಒಂದೇ ಟೆಸ್ಟು, ಕೈಯಾಗ ಲೈಸೆನ್ಸು! ನೋಡ್ತಿರ್ರಿ!"

ಅನ್ನದಾನಮ್ಮ ಹೀಗೆ ಘೋಷಿಸಿದಾಗ ಅವರ ಯಜಮಾನರು ಬೆನಕಪ್ಪ ಮಂಡಕ್ಕಿ ತಿನ್ನುತ್ತಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಈ ಮನುಷ್ಯ ಮಾತನ್ನು ತೂಕ ಮಾಡಿ, ಅದರಲ್ಲೂ ಸ್ವಲ್ಪ ಕಡಿಮೆ ತೂಗಿ, ಕೊಡುವವರು.

"ನಲವತ್ತಾರು ತುಂಬ್ಯಾವು ನಿನಗ. ಈಗ ಕಾರು ಕಲಿತೀ?"

"ಯಾಕ್ರೀ, ನಲವತ್ತಾರಕ್ಕ ಕಾಲು ಬ್ರೇಕಿಗೆ ಎಟುಕೂದಿಲ್ಲೇನು?"

ಬೆನಕಪ್ಪ ಮಂಡಕ್ಕಿಗೆ ಮರಳಿದರು.

ಘೋಷಣೆಗೆ ಕಾರಣವಿತ್ತು. ಊರಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ ಅನ್ನದಾನಮ್ಮನವರಿಗೆ ೧೯೯೮ರ ನವೆಂಬರಿನಲ್ಲಿ ಬಡ್ತಿ ಬಂದು, ಕೂಡ್ಲಿಗಿ ಕಡೆಯ ಒಂದು ಹಳ್ಳಿಗೆ ಹೆಡ್‌ಮಿಸ್ಟ್ರೆಸ್ ಆಗಿ ಹೋಗಬೇಕಾಯಿತು. ಅಲ್ಲಿ ಪ್ರಾರ್ಥನೆ ಹತ್ತು ಗಂಟೆಗೆ. ಬೆಳಗಿನ ಏಕೈಕ ಬಸ್ಸು ತಲುಪುವುದು ಹತ್ತೂ ಮೂವತ್ತೈದಕ್ಕೆ. ಹುಟ್ಟಿದಾಗಿನಿಂದ ಎಲ್ಲಿಗೂ ತಡವಾಗಿ ಹೋಗದ ಹೆಂಗಸು ಈಗ ದಿನಾ ಮುನ್ನೂರು ಮಕ್ಕಳ ಕಣ್ಣೆದುರಿಗೆ, ವ್ಯಾನಿಟಿ ಬ್ಯಾಗು ಹಿಡಿದು, ಬಯಲು ದಾಟಬೇಕು! ಮೊದಲ ವಾರ ಮಕ್ಕಳು ಎದ್ದು ನಿಂತರು. ಎರಡನೇ ವಾರ ನಕ್ಕರು. ಮೂರನೇ ವಾರದಿಂದ ಜವಾನ ಗಡಿಯಾರ ನೋಡುವುದನ್ನೇ ಬಿಟ್ಟು, ಹೆಡ್‌ಮೇಡಂ ಗೇಟಿನಲ್ಲಿ ಕಾಣಿಸಿದ ಕೂಡಲೇ ಎರಡನೇ ಪೀರಿಯಡ್ಡಿನ ಗಂಟೆ ಹೊಡೆಯತೊಡಗಿದ. ಅವತ್ತೇ ಅನ್ನದಾನಮ್ಮ ಅಣ್ಣನ ಮನೆಯ ಶೆಡ್ಡಿನಲ್ಲಿ ನಿಂತಿದ್ದ ಹಳೆಯ ಮಾರುತಿಯನ್ನು ತರಿಸಿದರು.

ಕಾಯಿದೆ ಹೇಳಿದ್ದರಲ್ಲಿ ಅವರು ಒಂದು ಅಲ್ಪವಿರಾಮವನ್ನೂ ಬಿಡಲಿಲ್ಲ. ನಲವತ್ತು ದಾಟಿದವರಿಗೆ ವೈದ್ಯರ ಸರ್ಟಿಫಿಕೇಟು ಬೇಕಿತ್ತು. ಕಣ್ಣಿನ ಪರೀಕ್ಷೆಯಲ್ಲಿ ಡಾಕ್ಟರು ಕೊನೆಯ ಸಾಲು ಓದಿ ಎಂದರೆ ಇವರು ಅದರ ಕೆಳಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಕಲಿಯುವವರ ಲೈಸೆನ್ಸಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಎಲ್‌ಎಲ್‌ಆರ್‌ಗೆ, ರಸ್ತೆಯ ಚಿಹ್ನೆಗಳ ಪರೀಕ್ಷೆ ನಡೆದಾಗ ಎಲ್ಲ ಉತ್ತರ ಸರಿ ಬರೆದು, ಪ್ರಶ್ನೆಪತ್ರಿಕೆಯ ಎರಡು ಕಾಗುಣಿತ ದೋಷಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಬಂದರು. ಏಜೆಂಟರ ಮೂಲಕ ಹೋಗಿ ಎಂದವರಿಗೆಲ್ಲ ಅರ್ಧ ಗಂಟೆಯ ಉಪನ್ಯಾಸ ಕೊಟ್ಟರು. ಎರಡನೆಯ ಸಲ ಯಾರೂ ಹೇಳಲಿಲ್ಲ.

ಇನ್ನುಳಿದದ್ದು ಕಾರು ಓಡಿಸುವುದೊಂದೇ.

ಕಲಿಸಲು ಒಪ್ಪಿದವನು ಗ್ಯಾರೇಜಿನ ರಫೀಕ್. ಹಳೆಯ ಶಿಷ್ಯ, ಗಣಿತದಲ್ಲಿ ಇವರ ಕೈಯಲ್ಲೇ ಎರಡು ಸಲ ನಪಾಸಾದವನು. ಸಂಜೆ ಮೇಡಂ ಬಸ್ಸಿಳಿದ ಕೂಡಲೇ ಬಂದು, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಪಕ್ಕದಲ್ಲಿ ಕೂರುತ್ತಿದ್ದ.

"ಕ್ಲಚ್ ಮೆತ್ತಗ ಬಿಡ್ರಿ ಮೇಡಂ."

"ಮೆತ್ತಗ ಅಂದ್ರ ಎಷ್ಟು? ಅಳತಿ ಹೇಳು."

"ಅಳತಿ ಹೇಳಾಕ ಬಂದಿದ್ರ ನಾನು ಅವಾಗ್ಲೇ ಪಾಸಾಗ್ತಿದ್ನಲ್ರೀ!"

ಊರ ಹೊರಗೆ ಲಾರಿ-ಬಸ್ಸುಗಳ ಕಾಟ ಕಡಿಮೆಯಿದ್ದ ಒಂದು ಡಾಂಬರು ರಸ್ತೆಯನ್ನು ರಫೀಕ್ ಆರಿಸಿದ. ಅದನ್ನು ಅವನಿಗಿಂತ ಮೊದಲೇ ಆರಿಸಿದವರಿದ್ದರು. ನಮ್ಮ ಕಡೆ ಸುಗ್ಗಿ ಬಂತೆಂದರೆ ಡಾಂಬರು ರಸ್ತೆಯೇ ಕಣ. ಹುರುಳಿ, ನವಣೆ, ಜೋಳದ ತೆನೆ, ಏನು ಬೆಳೆದರೂ ತಂದು ರಸ್ತೆಗೆ ಹರವುತ್ತಾರೆ. ಹಾಯ್ದು ಹೋಗುವ ಗಾಡಿಗಳು ಪುಕ್ಕಟೆಯಾಗಿ ಒಕ್ಕಣೆ ಮಾಡಿಕೊಟ್ಟು ಹೋಗುತ್ತವೆ. ಆ ರಸ್ತೆಯಲ್ಲಿ ಹುರುಳಿ ಹರವಿದ್ದವಳು ದ್ಯಾಮಕ್ಕ.

ಮೊದಲ ಸಂಜೆ ಮಾರುತಿ ಹುರುಳಿಯ ಮೇಲೆ ಹತ್ತಿತು, ನಿಂತಿತು, ಜಿಗಿಯಿತು, ಮತ್ತೆ ನಿಂತಿತು. ಬೈಗುಳ ಬರುತ್ತದೆಂದು ಅನ್ನದಾನಮ್ಮ ಕಾದರು. ದ್ಯಾಮಕ್ಕ ಓಡಿ ಬಂದು ಕಿಟಕಿಯಲ್ಲಿ ಮುಖ ತೂರಿಸಿದಳು.

"ಏನು ಛಂದ ಓಡಸ್ತೀರಿ ಟೀಚರಮ್ಮಾರ! ಲಾರಿಯವ್ರು ಬರ್ರ್ ಅಂತ ಹಾರಿ ಹೋಗ್ತಾರ, ಒಂದು ಕಾಯೀನೂ ಒಡೆಯೂದಿಲ್ಲ. ನಿಮ್ಮದು ನೋಡ್ರಿ, ಎತ್ತು ಹೋದಂಗ ಹೋಗ್ತೈತಿ! ಇನ್ನೊಂದು ಸಲ ಹಿಂದಕ ಬರ್ರಿ!"

ಚಾಲಕಿಯಾಗಿ ಅನ್ನದಾನಮ್ಮನವರಿಗೆ ಸಿಕ್ಕ ಮೊದಲ ಪ್ರಶಂಸೆ ಅದು. ಹಿಂದಕ್ಕೆ ಬಂದರು. ಮುಂದಕ್ಕೆ ಹೋದರು. ಮರುದಿನವೂ ಹೋದರು.

ಒಂದು ವಾರದಲ್ಲಿ ದ್ಯಾಮಕ್ಕ ತನ್ನದೇ ಸಂಚಾರ ವ್ಯವಸ್ಥೆ ಜಾರಿಗೆ ತಂದಳು. ಮೊರ ಎತ್ತಿದರೆ ಮುಂದೆ. ಕಸಬರಿಗೆ ಬೀಸಿದರೆ ಹಿಂದೆ. ಎರಡೂ ಎತ್ತಿದರೆ ನಿಲ್ಲು, ಗಿಡ ತಿರುವಿ ಹಾಕಬೇಕು. ಅನ್ನದಾನಮ್ಮ ಎಷ್ಟು ಪಳಗಿದರೆಂದರೆ, ಮೊರ ಕಣ್ಣಿಗೆ ಬಿದ್ದರೆ ತಲೆಗೆ ಸುದ್ದಿ ಮುಟ್ಟುವ ಮುಂಚೆ ಕಾಲಿಗೆ ಮುಟ್ಟುತ್ತಿತ್ತು. ಅಕ್ಕಪಕ್ಕದ ಹೊಲದವರೂ ಹುರುಳಿ ತಂದು ಸಾಲಿಗಿಟ್ಟರು.

"ಮೇಡಂ, ಒಂದ ಸಲನಾದ್ರೂ ಮೂರನೇ ಗೇರ್ ಹಾಕ್ರಿ," ಎಂದು ರಫೀಕ್ ಗೋಗರೆದ.

"ಮೂರನೇ ಗೇರಿಗೆ ಕಾಯಿ ಒಡೆಯೂದಿಲ್ಲೋ!" ಎಂದರು ಅನ್ನದಾನಮ್ಮ. ತಾವೇನು ಹೇಳಿದೆವೆಂದು ಅವರಿಗೆ ಹೊಳೆಯಲೇ ಇಲ್ಲ.

ಟೆಸ್ಟಿನ ದಿನ ಬಂತು. ಮೋಟಾರು ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ಊರಿಗೆ ಬಂದು ಪ್ರವಾಸಿ ಮಂದಿರದ ಮುಂದೆ ಕ್ಯಾಂಪು ಹಾಕುತ್ತಿದ್ದರು. ಮೈಸೂರಿನ ಕಡೆಯವರು, ಮಾತು ಮೆತ್ತಗೆ, ದೇಹ ತುಸು ಭಾರ. ಬಾಯಿಪ್ರಶ್ನೆಗಳಿಗೆ ಅನ್ನದಾನಮ್ಮ ಕಲಮುಗಳ ಸಂಖ್ಯೆ ಸಮೇತ ಉತ್ತರ ಕೊಟ್ಟರು. ಇನ್ಸ್‌ಪೆಕ್ಟರು ಸಂತೋಷಗೊಂಡು ಪಕ್ಕದ ಸೀಟಿನಲ್ಲಿ ಕೂತರು. ಹೆಂಡತಿಯ ವಿಜಯವನ್ನು ನೋಡಲು ಅಂಗಡಿ ಮುಚ್ಚಿ ಬಂದಿದ್ದ ಬೆನಕಪ್ಪ ಹಿಂದೆ ಕೂತರು.

"ಊರೊಳಗೆ ಇವತ್ತು ಸಂತೆ ಜನ. ಹೊರಗಿನ ರೋಡಿಗೆ ಹೋಗೋಣ ಮೇಡಂ. ನೇರವಾಗಿ ಎರಡು ಕಿಲೋಮೀಟರ್ ಹೋಗಿ ತಿರುಗಿಸಿಕೊಂಡು ಬನ್ನಿ, ಸಾಕು."

ಹೊರಗಿನ ರೋಡು ಎಂದರೆ ಅದೇ ರೋಡು. ಒಂದು ಕಿಲೋಮೀಟರು ಅನ್ನದಾನಮ್ಮ ಆದರ್ಶ ಚಾಲಕಿ. ಎಡಬದಿ ಬಿಡಲಿಲ್ಲ. ಆಡಿಗೂ ಹಾರ್ನು ಹಾಕಿದರು. ಮೂರನೇ ಗೇರನ್ನೂ ಹಾಕಿಬಿಟ್ಟರು! ಇನ್ಸ್‌ಪೆಕ್ಟರು ಜೇಬಿನಿಂದ ಪೆನ್ನು ತೆಗೆದರು.

ಅಷ್ಟರಲ್ಲಿ ದೂರದಲ್ಲಿ ಮೊರ ಎದ್ದಿತು.

ಅನ್ನದಾನಮ್ಮನವರ ಕಾಲು ಕ್ಲಚ್ ಒತ್ತಿತು, ಕೈ ಮೊದಲನೇ ಗೇರಿಗೆ ಇಳಿಯಿತು. ಕಾರು ಬಲಕ್ಕೆ ಸರಿದು ಹುರುಳಿಯ ಮೇಲೇರಿ, ಗಂಭೀರವಾಗಿ, ಎತ್ತು ಹೋದಂತೆ, ಈ ತುದಿಯಿಂದ ಆ ತುದಿಗೆ ಹೋಯಿತು. ಕಸಬರಿಗೆ ಬೀಸಿತು. ಕಾರು ಅದೇ ಗೆರೆಯಲ್ಲಿ ಹಿಂದಕ್ಕೆ ಬಂತು.

"ಮೇಡಂ, ನಾನು ರಿವರ್ಸ್ ಕೇಳ್ಲಿಲ್ಲ," ಎಂದರು ಇನ್ಸ್‌ಪೆಕ್ಟರು.

ಮೊರ ಎದ್ದಿತು. ಕಾರು ಮುಂದೆ ಹೋಯಿತು.

"ಮೇಡಂ, ನೇರ ಹೋಗಿ ಅಂದೆ!"

"ನೇರನೇ ಹೊಂಟೀನಲ್ರೀ," ಎಂದರು ಅನ್ನದಾನಮ್ಮ, ಕಣ್ಣನ್ನು ಕಸಬರಿಗೆಯಿಂದ ಕೀಳದೆ. ಕಾರು ಹಿಂದಕ್ಕೆ ಬಂತು.

ಇನ್ಸ್‌ಪೆಕ್ಟರು ಬಾಗಿಲಿಗೆ ಕೈ ಹಾಕಿದ್ದನ್ನು ಕಂಡು ದ್ಯಾಮಕ್ಕ ಓಡಿ ಬಂದು ಬಾಗಿಲನ್ನು ಹೊರಗಿನಿಂದ ಒತ್ತಿ ಹಿಡಿದಳು. "ಇಳೀಬ್ಯಾಡ್ರಿ ಸಾಹೇಬ್ರ, ಕೈ ಮುಗೀತೀನಿ! ನೀವು ಕುಂತಮ್ಯಾಲೆ ಗಾಡಿಗೆ ಭಾರ ಬಂದೈತಿ. ಕಾಯಿ ಹೆಂಗ ಪಟಪಟ ಒಡೀತಾವ ಕೇಳ್ರಿ! ಟೀಚರಮ್ಮಾರ, ದಿನಾ ಇವ್ರನ್ನ ಕರ್ಕೊಂಡು ಬರ್ರಿ!"

ಹಿಂದಿನ ಸೀಟಿನಲ್ಲಿ ಬೆನಕಪ್ಪನವರಿಗೆ ಜೋರಾಗಿ ಕೆಮ್ಮು ಬಂತು. ಅದೇ ಹೊತ್ತಿಗೆ ಹುರುಳಿ ಬಳ್ಳಿ ಚಕ್ರದ ನಡುವೆ ಸುತ್ತಿಕೊಂಡು ಕಾರು ಗೊರಕೆ ಹೊಡೆದು ನಿಂತಿತು. ಎದುರಿಗೆ ಒಂದು ಬಸ್ಸು, ಹಿಂದೆ ಎರಡು ಟ್ರಾಕ್ಟರು. ಬಸ್ಸಿನ ಜನ ಇಳಿದು, ಟೆಸ್ಟು ನಡೆದಿದೆಯೆಂದು ತಿಳಿದು, ದಂಡೆಯಲ್ಲಿ ಸಾಲಾಗಿ ಕೂತರು. ಅನ್ನದಾನಮ್ಮ ಇಳಿದ ಮೇಲೆ ಇನ್ಸ್‌ಪೆಕ್ಟರು ಆ ಬದಿಯಿಂದಲೇ ಇಳಿದಾಗ ಬೂಟಿನ ತುಂಬ ಹೊಟ್ಟು. ನಾಲ್ಕು ಜನ ಹೆಂಗಸರು ಕಾರಿನಡಿ ಕೈ ಹಾಕಿ ಬಳ್ಳಿ ಎಳೆದರು. ಬಳ್ಳಿಯಲ್ಲಿ ಕಾಯಿ ಉಳಿದಿದೆಯೇ ಎಂದೂ ನೋಡಿದರು.

"ಮೇಡಂ, ಗಾಡಿ ಓಡಿಸ್ತಾ ಇದ್ದಿದ್ದು ನೀವಾ, ಆ ಯಮ್ಮನಾ?"

ಅನ್ನದಾನಮ್ಮ ದ್ಯಾಮಕ್ಕನ ಮೊರದ ಕಡೆ ನೋಡಿದರು. ಇನ್ಸ್‌ಪೆಕ್ಟರು ಬಾನೆಟ್ಟಿನ ಮೇಲೆ ಕಾಗದವಿಟ್ಟು 'ಅನುತ್ತೀರ್ಣ' ಎಂದು ಬರೆದರು. ಅಕ್ಷರ ದುಂಡಗಿತ್ತು.

"ರಿವರ್ಸ್ ಮಾತ್ರ, ಮೇಡಂ, ನನ್ನ ಸರ್ವಿಸ್ಸಿನಲ್ಲಿ ಇಂಥದ್ದು ನೋಡಿಲ್ಲ. ಆದರೆ ಅಷ್ಟಕ್ಕೇ ಪಾಸು ಮಾಡೋಕಾಗಲ್ಲ. ಮುಂದಿನ ತಿಂಗಳು ಬನ್ನಿ."

"ಒಂದು ತಿಂಗಳು!" ಅನ್ನದಾನಮ್ಮನವರ ಕಣ್ಣ ಮುಂದೆ ಶಾಲೆಯ ಬಯಲು, ಮುನ್ನೂರು ಮಕ್ಕಳು, ಗಂಟೆ ಹಿಡಿದು ಕಾಯುವ ಜವಾನ ಎಲ್ಲ ಸಾಲಾಗಿ ಬಂದರು. "ಅಲ್ಲೀತನಕ ಬಸ್ಸಿನ್ಯಾಗ ಹೋಗ್ಬೇಕೇನ್ರೀ?"

"ಯಾಕೆ, ನಿಮ್ಮ ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತಲ್ಲ. ಲೈಸೆನ್ಸ್ ಇರೋರು ಒಬ್ಬರು ಪಕ್ಕದಲ್ಲಿ ಕೂತು, ಅಗತ್ಯ ಬಿದ್ದರೆ ಗಾಡಿ ನಿಲ್ಲಿಸೋ ಹಾಗಿದ್ದರೆ ಸಾಕು. ಆರಾಮಾಗಿ ಓಡಿಸಿ."

"ರಫೀಕ್ ಮುಂಜಾನಿ ಗ್ಯಾರೇಜ್ ಬಿಟ್ಟು ಬರೂದಿಲ್ಲ. ಲೈಸೆನ್ಸ್ ಇದ್ದವ್ರನ್ನ ದಿನಾ ಎಲ್ಲಿಂದ ತರ್ಲಿ?"

ಹಿಂದಿನ ಸೀಟಿನಲ್ಲಿ ಕೆಮ್ಮು ನಿಂತಿತು. ಬೆನಕಪ್ಪ ಇಳಿದರು. ಅಂಗಿಯೊಳಗೆ ಕೈ ಹಾಕಿ, ಬನಿಯನ್ನಿನ ಜೇಬಿನಿಂದ ಬೆವರಿಗೆ ಬಣ್ಣ ಕಳೆದುಕೊಂಡ ಒಂದು ಪುಟ್ಟ ಪುಸ್ತಕ ತೆಗೆದು ಸಾಹೇಬರ ಕೈಗಿತ್ತರು.

"ಅರೆ! ಡ್ರೈವಿಂಗ್ ಲೈಸೆನ್ಸು. ರಿನೀವಲ್ ಕೂಡ ಆಗಿದೆ," ಎಂದರು ಇನ್ಸ್‌ಪೆಕ್ಟರು. "ಇನ್ನೇನು ಮೇಡಂ, ಮನೆಯಲ್ಲೇ ಇದ್ದಾರಲ್ಲ!"

ಇನ್ಸ್‌ಪೆಕ್ಟರು ಬಸ್ಸು ಹತ್ತಿ ಹೋಗುವ ತನಕ ಅನ್ನದಾನಮ್ಮ ತಡೆದುಕೊಂಡರು.

"ಏನ್ರೀ, ನಿಮಗ ಕಾರ್ ಓಡಸಾಕ ಬರ್ತೈತೇನು?"

"ಇಲ್ಲ."

"ಮತ್ತ ಇದು?"

"ಮದಿವಿಗಿಂತ ಮೊದ್ಲು ಎಣ್ಣಿ ಮಿಲ್ಲಿನ್ಯಾಗ ಗುಮಾಸ್ತ ಇದ್ನಲ್ಲ. ಸಾಹುಕಾರ್ರು ಅಲ್ಲಿದ್ದ ಹನ್ನೊಂದು ಮಂದಿಗೂ ಕೂಡೇ ಮಾಡಿಸಿದ್ರು. ಲಾರಿ ತುಂಬ ಹೋಗಿದ್ವಿ."

"ಟೆಸ್ಟು?"

"ಡ್ರೈವರ್ ಎರ್ರೆಪ್ಪ ಕೊಟ್ಟ. ಎಲ್ಲಾರ ಪರವಾಗಿ."

ಸೋಮವಾರ ಒಂಬತ್ತಕ್ಕೆ ಮಾರುತಿ ಶಾಲೆಯ ಕಡೆ ಹೊರಟಿತು. ಮುಂದೆ ಕೆಂಪು 'ಎಲ್', ಹಿಂದೆ ಕೆಂಪು 'ಎಲ್'. ಎಡಗಡೆ ಸೀಟಿನಲ್ಲಿ, ಕಾಯಿದೆ ಪ್ರಕಾರ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಬೆನಕಪ್ಪ.

"ಕ್ಲಚ್ ಒತ್ತು," ಎಂದರು, ಬೆರಳು ಮಾಡಿ ತೋರಿಸಿ.

"ಅದು ಬ್ರೇಕ್ ರೀ!"

"ಯಾವುದಾರ ಆಗ್ಲಿ, ಒತ್ತು," ಎಂದರು ಬೆನಕಪ್ಪ. "ಕಲಿಯಾಕಿ ನೀನು."

ಅನ್ನದಾನಮ್ಮ ಒತ್ತಿದರು.