ಪಂಕ್ತಿಗೆ ಕೂತ ಮೇಷ್ಟ್ರು

ಗಿಡ್ಡಪ್ಪ ಮೇಷ್ಟ್ರ ಕಷ್ಟವೆಲ್ಲ ಶುರುವಾದದ್ದು ಒಂದು ಪ್ರಿಂಟರಿನಿಂದ. ಹರಿಹರದ ಪ್ರೌಢಶಾಲೆಯ ಆಫೀಸಿನಲ್ಲಿ ಆ ಪ್ರಿಂಟರು ಕಾಗದ ಕಚ್ಚಿಕೊಂಡು, ಹಟ ಹಿಡಿದ ಕೋಣದ ಹಾಗೆ ನಿಂತುಬಿಟ್ಟಿತ್ತು. ಹಾಜರಿ ಹಾಕಲು ಬಂದಿದ್ದ ಮೇಷ್ಟ್ರು ಅದರ ಸ್ವಿಚ್ ಆರಿಸಿ ಮತ್ತೆ ಹಾಕಿದರು. ಅದು ಕಾಗದ ಉಗುಳಿತು. ಅಷ್ಟೇ. ಸಮಾಜ ವಿಜ್ಞಾನ ಹೇಳಿಕೊಂಡು ಯಾರ ಗೊಡವೆಗೂ ಹೋಗದೆ ಇದ್ದ ಮನುಷ್ಯ ಅಂದಿನಿಂದ ಶಾಲೆಯ ಕಂಪ್ಯೂಟರ್ ಪಂಡಿತರಾದರು.

ಹೆಸರು ಗಿಡ್ಡಪ್ಪನಾದರೂ ಆಳು ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕಾದಷ್ಟು ಎತ್ತರ. ಬಗ್ಗಿ ಬಗ್ಗಿ ಅಭ್ಯಾಸವಾಗಿಯೋ ಏನೋ, ಯಾರು ಏನು ಹೇಳಿದರೂ ಇಲ್ಲವೆನ್ನುವುದು ಅವರಿಗೆ ಬರುತ್ತಿರಲಿಲ್ಲ.

ಸಂಸ್ಥೆಗೆ ಎರಡು ಶಾಲೆ. ಒಂದು ಹರಿಹರದಲ್ಲಿ, ಇನ್ನೊಂದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಮೇಷ್ಟ್ರ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. ಕೆಲಸ ಮಾತ್ರ ಹರಿಹರದಲ್ಲಿ. ಹೆಂಡತಿ ಪ್ರೇಮಲತಾ ಹೋದ ವರ್ಷ ದೇವರ ಪಾದ ಸೇರಿದ ಮೇಲೆ ಮನೆಯಲ್ಲಿ ಉಳಿದವಳು ಒಂಬತ್ತನೇ ತರಗತಿಯ ಮಗಳು ನಯನಾ. ಮೇಷ್ಟ್ರು ಸಂಜೆಯ ವಿಶೇಷ ತರಗತಿ ಮುಗಿಸಿ, ಬಸ್ಸು ಹಿಡಿದು ಮನೆ ಸೇರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ತಾಯಿ ಹಚ್ಚುತ್ತಿದ್ದ ದೀಪವನ್ನು ಹುಡುಗಿ ಒಬ್ಬಳೇ ಹಚ್ಚಿ, ಅದರ ಮುಂದೆ ಒಬ್ಬಳೇ ಕೂತಿರುತ್ತಿದ್ದಳು. ಮೊದಲು ಅವಳ ನಗು ಬೀದಿಯ ತುದಿಗೆ ಕೇಳುತ್ತಿತ್ತು. ಈಗ ಕೇಳಿದ್ದಕ್ಕಷ್ಟೇ ಉತ್ತರ.

ದೀಪ ಹಚ್ಚುವ ಹೊತ್ತಿಗೆ ನಾನು ಮನೆಯಲ್ಲಿರುವ ಹಾಗೆ ಮಾಡಪ್ಪ ಎಂದು ಮೇಷ್ಟ್ರು ದಿನವೂ ದೇವರನ್ನು ಬೇಡುತ್ತಿದ್ದರು. ಪಿ.ಜೆ. ಬಡಾವಣೆಯ ಶಾಲೆಗೆ ವರ್ಗವಾದರೆ ಸಾಕು. ಅಲ್ಲಿ ಸಂಜೆ ತರಗತಿ ಇಲ್ಲ. ದೇವರು ಆ ಅರ್ಜಿಯನ್ನು ತಾನು ನೋಡದೆ ಸಂಸ್ಥೆಯ ಕಾರ್ಯದರ್ಶಿ ಉಚ್ಚಂಗೆಪ್ಪನವರ ಮೇಜಿಗೆ ಕಳಿಸಿದ ಹಾಗಿತ್ತು.

"ವರ್ಗ ಕೊಡಾಣ್ರಿ, ಅದೇನು ಮಹಾ," ಎಂದಿದ್ದರು ಉಚ್ಚಂಗೆಪ್ಪನವರು. "ಮೊದ್ಲು ಆನ್‌ಲೈನ್ ಪಾಠದ್ದು ಏನೋ ಅಂತಾರಲ್ಲ, ಅದನ್ನ ನಮ್ಮ ಶಾಲೆಗೆ ಹಾಕಿಕೊಡ್ರಿ. ಇಲಾಖೆ ಸಾಹೇಬ್ರು ನೋಡಾಕೆ ಬರ್ತಾರೆ. ಅವರು ಭೇಷ್ ಅಂದ ದಿನಾನೇ ನಿಮ್ಮ ಆರ್ಡರ್."

ಇಲ್ಲವೆನ್ನಲು ಬಾರದ ಮೇಷ್ಟ್ರು ಹೂಂ ಅಂದರು. ಪುಕ್ಕಟೆ ಸಿಗುವ ಆನ್‌ಲೈನ್ ಪಾಠದ ತಂತ್ರಾಂಶವೊಂದನ್ನು ಹುಡುಕಿ, ಅದನ್ನು ಕೂರಿಸುವುದು ಹೇಗೆಂದು ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಿದರು. ಓದಿದ್ದನ್ನು ಶಾಲೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಿದರು. ಒಮ್ಮೆ ಬಿಳಿ ಪರದೆ ಬಂತು, ಒಮ್ಮೆ ಪರದೆ ತುಂಬ ಕೆಂಪು ಅಕ್ಷರ ಬಂತು, ಒಮ್ಮೆ ಏನೂ ಬರಲೇ ಇಲ್ಲ. ಕೊನೆಗೆ ಒಂದು ದಿನ, ಅಲ್ಲಿಯವರೆಗೆ ಕಾರ್ಯದರ್ಶಿಗಳ ಫೋಟೊ ಒಂದನ್ನೇ ಹೊತ್ತು ನಿಂತಿದ್ದ ಸಂಸ್ಥೆಯ ಜಾಲತಾಣದಲ್ಲಿ ಪಾಠಗಳು, ಪರೀಕ್ಷೆಗಳು, ಮಕ್ಕಳ ಹೆಸರುಗಳು ಸಾಲಾಗಿ ಮೂಡಿದವು. ಮೇಷ್ಟ್ರು ಎಲ್ಲದರ ನಕಲನ್ನು ಒಂದು ಪೆನ್‌ಡ್ರೈವಿಗೆ ಇಳಿಸಿಕೊಂಡು, ಮನೆಗೆ ಒಯ್ದು, ಅದಕ್ಕೊಂದು ಕುಂಕುಮದ ಬೊಟ್ಟಿಟ್ಟು ದೇವರ ಗೂಡಿನಲ್ಲಿಟ್ಟರು. ಅದಕ್ಕಿಂತ ಭದ್ರವಾದ ಜಾಗ ಅವರಿಗೆ ಗೊತ್ತಿರಲಿಲ್ಲ.

ಸಾಹೇಬರು ಬರುವ ದಿನ ಬಂತು. ಬೆಳಿಗ್ಗೆಯೇ ಕಂಪ್ಯೂಟರಿಗೆ ಮಾಲೆ ಹಾಕಿ, ಊದಿನಕಡ್ಡಿ ಹಚ್ಚಿದರು. ಅಟೆಂಡರ್ ನಬೀ ಸಾಬ್ ತೆಂಗಿನಕಾಯಿಯನ್ನು ಹೊರಗೆ ಒಡೆಸಿ, ನೀರು ಒಳಗೆ ಬಾರದಂತೆ ನೋಡಿಕೊಂಡ. ಆ ದಿನ ಆ ಶಾಲೆಯಲ್ಲಿ ಮುಂದಾಲೋಚನೆಯಿಂದ ನಡೆದ ಕೆಲಸ ಅದೊಂದೇ.

"ಇದು ಪುಕ್ಕಟೆ ಅಂತೀರಿ," ಎಂದರು ಉಚ್ಚಂಗೆಪ್ಪನವರು ಅನುಮಾನದಿಂದ. "ಪುಕ್ಕಟೆ ಅಂದ್ಮೇಲೆ ಎಲ್ಲೋ ಹುಳುಕು ಇರ್ಬೇಕಲ್ರಿ?"

"ಇಲ್ರಿ ಸಾರ್, ಇದು ಮಠದ ದಾಸೋಹ ಇದ್ದಂಗೆ," ಎಂದರು ಮೇಷ್ಟ್ರು. "ಯಾರೋ ಪುಣ್ಯಾತ್ಮರು ಮಾಡಿ ಇಟ್ಟಾರೆ. ಯಾರು ಬೇಕಾದ್ರೂ ಉಣ್ಣಬೌದು, ಯಾರು ಬೇಕಾದ್ರೂ ಕೈ ಹಚ್ಚಬೌದು. ಇದ್ರಾಗೆ ಅಡ್ಮಿನ್ ಅಂದ್ರೆ ಉಗ್ರಾಣದ ಕೀಲಿ ಇಟ್ಕಂಡೋರು. ಟೀಚರ್ ಬಡಿಸೋರು. ವಿದ್ಯಾರ್ಥಿ ಪಂಕ್ತೀಲಿ ಕೂತು ಉಣ್ಣೋರು. ಇನ್ನೊಂದು ಏನಪ್ಪಾ ಅಂದ್ರೆ, ಮೇಷ್ಟ್ರು ಎಲ್ಲಿ ಕೂತಿದ್ರೂ ಪಾಠ ನಡೀತೈತೆ. ಊರು ಯಾವುದಾದ್ರೂ ಒಂದೇ."

"ಎಲ್ಲಿ ಕೂತಿದ್ರೂ?"

"ಎಲ್ಲಿ ಕೂತಿದ್ರೂ ಸಾರ್."

ಉಚ್ಚಂಗೆಪ್ಪನವರು ಆ ಮಾತನ್ನು ಎಲೆ ಅಡಿಕೆಯ ಜೊತೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಆಮೇಲೆ ಕೇಳಿದರು, "ಈಗ ಕೀಲಿ ಯಾರತ್ರ ಐತೆ?"

"ಸದ್ಯಕ್ಕೆ ನನ್ನತ್ರ ಸಾರ್."

ಸಂಸ್ಥೆ ಕಟ್ಟಿದವರು ಎದುರಿಗೆ ನಿಂತಿರುವಾಗ ಕೀಲಿ ಸಮಾಜ ವಿಜ್ಞಾನದ ಮೇಷ್ಟ್ರ ಹತ್ತಿರ ಇರುವುದೆಂದರೇನು? ಮೇಷ್ಟ್ರು ತಡಮಾಡದೆ ಕೂತು ಕಾರ್ಯದರ್ಶಿಗಳನ್ನು ಮೂಲ ಅಡ್ಮಿನ್ ಮಾಡಿ, ತಾವು ಅವರ ಕೆಳಗೆ ನಿಂತರು.

ಮುಖ್ಯೋಪಾಧ್ಯಾಯಿನಿ ಸುಂಕಲಮ್ಮ ಮೇಡಂ ಕೆಮ್ಮಿದರು. "ನಾನು ಬರೀ ಬಡಿಸೋಳೇನ್ರಿ ಗಿಡ್ಡಪ್ಪನೋರೆ? ಇಪ್ಪತ್ತು ವರ್ಷದಿಂದ ಈ ಶಾಲೇಲಿ ಗಂಧ ತೇದಿದೀನಿ."

ಮೇಡಂ ಅಡ್ಮಿನ್ ಆದರು.

"ಮೇಡಮ್ಮಾರಿಗೆ ಕೊಟ್ಟು ನನಗೆ ಕೊಡ್ಲಿಲ್ಲ ಅಂದ್ರೆ ನನ್ನ ಹುಡುಗ್ರು ನನ್ನ ಸೀಟಿಗೆ ಕಿಮ್ಮತ್ತು ಕೊಡ್ತಾರಾ?" ಎಂದರು ಪಿ.ಟಿ. ಮೇಷ್ಟ್ರು ನಿಂಗರಾಜ್, ಕೊರಳಿನ ಸೀಟಿ ತಿರುವುತ್ತ.

ನಿಂಗರಾಜೂ ಅಡ್ಮಿನ್ ಆದರು. ಅಷ್ಟರಲ್ಲಿ ಬಾಗಿಲ ಹೊರಗೆ ಹಿಂದಿ, ಗಣಿತ, ಹೊಲಿಗೆಯವರ ಸಾಲು ಬೆಳೆದಿತ್ತು. ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬಿಟ್ಟರೆ ನಾಳೆ ಸ್ಟಾಫ್‌ರೂಮಿನಲ್ಲಿ ಚಹಾ ದಕ್ಕುವುದಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು. ಎಲ್ಲರೂ ಅಡ್ಮಿನ್ ಆದರು.

ಆಮೇಲೆ ನಡೆದದ್ದು, ಒಂದೇ ಒಲೆಗೆ ಎಂಟು ಜನ ಸೌದೆ ನೂಕಿದ ಹಾಗೆ. ಉಚ್ಚಂಗೆಪ್ಪನವರು ತಮ್ಮ ಫೋನಿನಿಂದಲೇ ಮುಖಪುಟದ ಮೇಲೆ ತಮ್ಮ ಹೊಸ ಫೋಟೊ ಏರಿಸಿದರು. ಸುಂಕಲಮ್ಮ ಮೇಡಂ ಹಿಂದಿನ ಬಣ್ಣ ಸೂತಕದ ಮನೆಯ ಹಾಗಿದೆ ಎಂದು ಎಲ್ಲವನ್ನೂ ಅರಿಶಿನ ಬಣ್ಣ ಮಾಡಿದರು. ಬಿಳಿಯ ಅಕ್ಷರಗಳು ಅದರಲ್ಲಿ ಮುಳುಗಿದವು. ಹೊಲಿಗೆಯವರು ಅದಕ್ಕೆ ಹಸಿರು ಅಂಚು ಕೊಟ್ಟರು. ಮೇಷ್ಟ್ರು ಒಂದನ್ನು ಸರಿಮಾಡಿ ತಲೆ ಎತ್ತುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತಿತ್ತು.

ಮಧ್ಯಾಹ್ನದ ಊಟದ ಗಂಟೆ ಹೊಡೆದಾಗ ಮೇಷ್ಟ್ರು ಮಕ್ಕಳ ಪಟ್ಟಿ ತೆರೆದರು. ಖಾಲಿ. ಮುಚ್ಚಿ ತೆರೆದರು. ಕೊಡವಿದ ಜೋಳಿಗೆಯ ಹಾಗೆ ಖಾಲಿ.

"ಮಕ್ಳು ಎಲ್ಲಿ ಹೋದ್ವು?" ಎಂದು ಕೂಗಿದರು.

"ಗ್ರೌಂಡಿನಾಗೆ ಅದಾವಲ್ರಿ," ಎಂದರು ನಿಂಗರಾಜ್.

"ಇದ್ರಾಗಿನವು!"

"ಓ, ಅವಾ? ನಾನೇ ಒರೆಸ್ದೆ."

"ಒರೆಸಿದ್ರಾ!"

"ಯಾಕ್ರಿ ಹಂಗೆ ಕೂಗ್ತೀರಿ? ನನ್ನ ಕೊಕ್ಕೊ ಪರೀಕ್ಷೆ ಬರೆದಿಟ್ಟೆ, ನನ್ನ ಪೀರಿಯಡ್ ಮುಗೀತು. ಮುಂದಿನ ಮೇಷ್ಟ್ರು ಬರಾಕೆ ಮುಂಚೆ ಬೋರ್ಡ್ ಒರೆಸಿ ಕೊಡಬೇಕಲ್ಲ. ನೀವೇ ಹೋದ ವಾರ ನನ್ನ ಬೈದ್ರಿ, ಒರೆಸ್ದೆ ಹೋಗ್ತೀರಿ ಅಂತ. ಎಲ್ಲಾ ಹೆಸರಿಗೂ ಟಿಕ್ ಹಾಕಿ ಚೊಕ್ಕ ಒರೆಸಿದೀನಿ. ಬೇಕಾದ್ರೆ ಮತ್ತೆ ಬರ್ಕಳ್ರಿ."

ಮೇಷ್ಟ್ರು ಹಣೆ ಹಿಡಿದುಕೊಂಡರು. ಬೈದದ್ದು ನಿಜ. ನಕಲು ಇತ್ತು, ಆದರೆ ಅದು ದಾವಣಗೆರೆಯಲ್ಲಿ, ದೇವರ ಗೂಡಿನಲ್ಲಿ, ಕುಂಕುಮ ಇಟ್ಟುಕೊಂಡು ಕೂತಿತ್ತು.

ಅಷ್ಟರಲ್ಲಿ ನಬೀ ಸಾಬ್ ಓಡಿ ಬಂದ. "ಸಾಹೇಬ್ರ ಜೀಪು ಗೇಟಿಗೆ ಬಂತ್ರಿ!"

"ಒಬ್ಬ ಹುಡುಗನ ಹೆಸರಾದ್ರೂ ಹಾಕ್ತೀನಿ ಸಾರ್," ಎಂದರು ಮೇಷ್ಟ್ರು.

"ಯಾರ ಮಗನ್ನ ಹಾಕ್ತೀರಿ?" ಉಚ್ಚಂಗೆಪ್ಪನವರು ಗದರಿದರು. "ಒಬ್ಬನ್ನ ಹಾಕಿ ಉಳಿದೋರನ್ನ ಬಿಟ್ರೆ ಸಂಜೆಗೆ ಅಪ್ಪಂದಿರೆಲ್ಲಾ ಗೇಟಿಗೆ ಬರ್ತಾರೆ. ಸ್ಟಾಫಿನಾಗೆ ಒಬ್ರು ಕೂಡ್ರಿ ಸಾಕು."

ಎಲ್ಲರೂ ಗೋಡೆ ನೋಡಿದರು. "ಎಂ.ಎ., ಬಿ.ಎಡ್. ಮಾಡಿ ವಿದ್ಯಾರ್ಥಿ ಆಗ್ಲಾ?" ಎಂದರು ಮೇಡಂ. "ನನ್ನ ಸೀಟಿ?" ಎಂದರು ನಿಂಗರಾಜ್.

"ಭಲೇ!" ಎಂದ ನಬೀ ಸಾಬ್. "ಎಲ್ಲಾ ಸೌಟು ಹಿಡ್ದು ನಿಂತೀರಿ. ಪಂಕ್ತೀಗೆ ಕೂಡೋರೇ ಇಲ್ಲ!"

ಬಗ್ಗಿ ಅಭ್ಯಾಸವಿದ್ದವರು ಅಲ್ಲಿ ಒಬ್ಬರೇ. ಗಿಡ್ಡಪ್ಪ ಮೇಷ್ಟ್ರು ತಾವೇ ತೋರಿಸಿಕೊಟ್ಟರು. "ಇಲ್ಲಿ ಒತ್ರಿ ಸಾರ್. ನನ್ನ ಹೆಸರು ಅಡ್ಮಿನ್‌ನಿಂದ ತೆಗೀರಿ. ಹಾಂ, ಈಗ ವಿದ್ಯಾರ್ಥಿ ಅಂತ ಮಾಡ್ರಿ." ಉಚ್ಚಂಗೆಪ್ಪನವರು ಒತ್ತಿದರು. ಹತ್ತು ನಿಮಿಷದ ಮಾತು ಎಂದುಕೊಂಡರು ಮೇಷ್ಟ್ರು.

ಸಾಹೇಬರು ಬಂದರು. ದಣಿದ ಮುಖದ, ಮಾತು ಕಡಿಮೆಯ ಮನುಷ್ಯ. ಹಾರ ಹಾಕಿಸಿಕೊಂಡು, ಪರದೆಯ ಮೇಲಿನ ಅರಿಶಿನವನ್ನೂ ಹಸಿರನ್ನೂ ಫೋಟೊವನ್ನೂ ನೋಡಿ, ಕಣ್ಣು ಕಿರಿದು ಮಾಡಿಕೊಂಡರು.

"ಅಡ್ಮಿನ್ ಎಂಟು ಜನ. ವಿದ್ಯಾರ್ಥಿ ಒಬ್ಬ," ಎಂದು ಓದಿದರು. "ಯಾರು ಈ ಗಿಡ್ಡಪ್ಪ? ಸಣ್ಣ ಹುಡುಗನಾ?"

ಮೇಷ್ಟ್ರು ಎದ್ದು ನಿಂತರು. ತಲೆ ಫ್ಯಾನಿಗೆ ತಾಗುವಂತಿತ್ತು.

"ಇವರಾ!" ಎಂದರು ಸಾಹೇಬರು. "ಆಗಲಿ, ಒಂದು ಪರೀಕ್ಷೆ ಬರೀರಿ. ನೋಡೋಣ."

ಇತಿಹಾಸದ ಪರೀಕ್ಷೆ ಬರಲೆಂದು ಮೇಷ್ಟ್ರು ಮನಸ್ಸಿನಲ್ಲೇ ಹರಿಹರೇಶ್ವರನಿಗೆ ಕೈ ಮುಗಿದರು. ಆದರೆ ನಿಂಗರಾಜ್ ಮುಂದೆ ನುಗ್ಗಿ, "ನನ್ನ ಕೊಕ್ಕೊ ಪರೀಕ್ಷೆ ನೋಡ್ರಿ ಸಾರ್, ಹೊಸಾದು!" ಎಂದು ಅದನ್ನೇ ತೆರೆದಿಟ್ಟರು.

ಮೇಷ್ಟ್ರು ಜನ್ಮದಲ್ಲಿ ಕೊಕ್ಕೊ ಆಡಿದವರಲ್ಲ. ಸಾಲಿನಲ್ಲಿ ಎಷ್ಟು ಜನ ಕೂರುತ್ತಾರೆ? ಹನ್ನೊಂದು ಎಂದು ಒತ್ತಿದರು. ಕಂಬ ಎಷ್ಟು? ಕ್ರಿಕೆಟ್ಟಿನ ನೆನಪಿನಲ್ಲಿ ಆರು ಎಂದರು. ಪ್ರತಿ ಉತ್ತರಕ್ಕೂ ನಿಂಗರಾಜ್ ಹಿಂದಿನಿಂದ, ಯಾರೋ ಚಿವುಟಿದ ಹಾಗೆ, "ಅಯ್ಯಯ್ಯೋ" ಅನ್ನುತ್ತಿದ್ದರು. ಕೊನೆಗೆ ಪರದೆಯ ತುಂಬ ಕೆಂಪಗೆ ಮೂಡಿತು: ಗಿಡ್ಡಪ್ಪ, ಹತ್ತಕ್ಕೆ ಎರಡು, ಅನುತ್ತೀರ್ಣ.

ಹೋಯಿತು ವರ್ಗ, ಎಂದುಕೊಂಡರು ಮೇಷ್ಟ್ರು. ನಯನಾ ದೀಪದ ಮುಂದೆ ಒಬ್ಬಳೇ ಕೂತದ್ದು ಕಣ್ಣಿಗೆ ಕಟ್ಟಿತು.

ಸಾಹೇಬರು ನಗಲು ಶುರುಮಾಡಿದರು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೇಳಿದರು:

"ಉಚ್ಚಂಗೆಪ್ಪನೋರೆ, ನಾನು ಎಲ್ಲೆಲ್ಲಿ ಹೋದ್ರೂ ಹತ್ತಕ್ಕೆ ಹತ್ತು ತೋರಿಸ್ತಾರೆ. ಮಕ್ಕಳ ಹೆಸರಲ್ಲಿ ಮೇಷ್ಟ್ರುಗಳೇ ಬರೆದಿರ್ತಾರೆ ಅಂತ ನಮಗೆ ಗೊತ್ತಾಗಲ್ವಾ? ನಿಮ್ಮಲ್ಲಿ ಮೇಷ್ಟ್ರನ್ನೇ ಕೂರಿಸಿ, ಮುಲಾಜಿಲ್ಲದೆ ಫೇಲ್ ಮಾಡಿದ್ರಿ. ಮಕ್ಕಳಿಗೆ ಹಾಕೋ ಮುಂಚೆ ಮೇಷ್ಟ್ರೇ ಪಂಕ್ತೀಲಿ ಕೂತು ರುಚಿ ನೋಡ್ಬೇಕು. ಭೇಷ್! ನಿಮ್ಮ ಇನ್ನೊಂದು ಶಾಲೆಗೂ ಇದನ್ನ ಮಾಡ್ರಿ."

ಭೇಷ್ ಎಂದಿದ್ದರು! ಎಲ್ಲರೆದುರಿಗೆ! ಜೀಪು ಗೇಟು ದಾಟಿದ್ದೇ ತಡ, ಮೇಷ್ಟ್ರು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತರು. ಬಾಯಿ ಬಿಡುವ ಮುಂಚೆಯೇ ಉಚ್ಚಂಗೆಪ್ಪನವರು ಅವರ ಬೆನ್ನು ತಟ್ಟಿದರು.

"ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಇವತ್ತಿಂದ ನೀವು ದಾವಣಗೆರೆ ಶಾಲೆ ಮೇಷ್ಟ್ರು."

ಮೇಷ್ಟ್ರು ಕೈ ಮುಗಿದರು. "ನಿಮ್ಮ ಉಪಕಾರ ಸಾರ್. ಹಂಗಾದ್ರೆ ನಾಳೆಯಿಂದ ಪಿ.ಜೆ. ಬಡಾವಣೆಗೆ..."

"ಅಲ್ಲಿಗೆ ಯಾಕ್ರಿ?"

"ಪಾಠಕ್ಕೆ ಸಾರ್."

"ಪಾಠ ಇಲ್ಲಿಂದ್ಲೇ ಮಾಡ್ರಿ! ಬೆಳಿಗ್ಗೆ ನೀವೇ ಹೇಳಿದ್ರಿ, ಮೇಷ್ಟ್ರು ಎಲ್ಲಿ ಕೂತಿದ್ರೂ ನಡೀತೈತೆ, ಊರು ಯಾವುದಾದ್ರೂ ಒಂದೇ ಅಂತ. ಹೆಸರು ದಾವಣಗೆರೇಲಿರ್ಲಿ, ಕುರ್ಚಿ ಹರಿಹರದಾಗಿರ್ಲಿ. ಇಲ್ಲಿ ಪಾಠನೂ ನಿಮ್ದೇ, ಅಲ್ಲಿ ಪಾಠನೂ ನಿಮ್ದೇ. ಏನು ಅನುಕೂಲ ಮಾಡಿಕೊಟ್ರಿ ಮಾರಾಯ್ರ!"

ಬಸ್ಸು ದಾವಣಗೆರೆ ಮುಟ್ಟುವಷ್ಟರಲ್ಲಿ ಎಂದಿನಂತೆ ಕತ್ತಲಾಗಿತ್ತು. ಸರಸ್ವತಿ ನಗರದ ಮನೆಯಲ್ಲಿ ದೀಪ ಉರಿಯುತ್ತಿತ್ತು. ಅದರ ಮುಂದೆ ನಯನಾ. ಮೇಷ್ಟ್ರು ಕಾಲು ತೊಳೆದು ಬಂದು, ಅವಳ ಪಕ್ಕ ನೆಲದ ಮೇಲೆ ಕೂತು, ನಡೆದದ್ದನ್ನೆಲ್ಲ ಹೇಳಿದರು. ಹುಡುಗಿ ಕೇಳುತ್ತ ಕೇಳುತ್ತ ತಟ್ಟನೆ ತಲೆ ಎತ್ತಿದಳು.

"ಅಪ್ಪಾ, ಎಲ್ಲಿ ಕೂತಿದ್ರೂ ನಡೀತೈತೆ ಅಂದ್ರೆ ಮನೇಲಿ ಕೂತ್ರೂ ನಡೀಬೇಕಲ್ಲ? ಸಂಜೆ ಕ್ಲಾಸಾದ್ರೂ ಇಲ್ಲಿಂದ್ಲೇ ಮಾಡು!"

ಮೇಷ್ಟ್ರು ಕಣ್ಣರಳಿಸಿದರು. ಎಷ್ಟು ಸರಳ! ಅಲ್ಲೇ ಫೋನು ತೆಗೆದು, ಮಗಳಿಗೂ ಕೇಳುವಂತೆ ಸ್ಪೀಕರ್ ಹಾಕಿ, ಕಾರ್ಯದರ್ಶಿಗಳಿಗೆ ಹಚ್ಚಿದರು. ಜೀವಮಾನದಲ್ಲಿ ಮೊದಲ ಬಾರಿಗೆ ತಲೆ ಎತ್ತಿ ಮಾತಾಡಿದರು. ಉಚ್ಚಂಗೆಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಮಾತು ನ್ಯಾಯವಾಗೈತೆ ಗಿಡ್ಡಪ್ಪನೋರೆ. ಮೇಷ್ಟ್ರು ಎಲ್ಲಾದ್ರೂ ಕೂಡ್ಲಿ, ನಾನು ಬ್ಯಾಡ ಅನ್ನಲ್ಲ. ಆದ್ರೆ ಇದ್ರಾಗೆ ನೀವು ವಿದ್ಯಾರ್ಥಿ ಅಂತ ಐತಲ್ರಿ? ವಿದ್ಯಾರ್ಥಿ ಅಂದ್ಮೇಲೆ ಶಾಲೆಗೆ ಹಾಜರಾಗ್ಲೇಬೇಕು."

"ಹಂಗಾದ್ರೆ ನನ್ನ ವಾಪಸ್ ಮೇಷ್ಟ್ರು ಮಾಡ್ರಿ ಸಾರ್!"

"ಮಾಡಾಣ. ಮೊದ್ಲು ಕೊಕ್ಕೊ ಪಾಸಾಗ್ರಿ." ಫೋನು ಕಟ್ಟಾಯಿತು.

ಮೇಷ್ಟ್ರು ಫೋನನ್ನು ಕೆಳಗಿಟ್ಟರು. ಪಕ್ಕದಲ್ಲಿ ಏನೋ ಸದ್ದಾಯಿತು. ನಯನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಆದರೂ ತಡೆಯಲಾಗಲಿಲ್ಲ. ನಗು ಬೆರಳ ಸಂದಿಯಿಂದ ನುಸುಳಿ, ಮನೆ ತುಂಬಿ, ಬೀದಿಯ ತುದಿಗೆ ಹೋಯಿತು. ಆಚೆ ಮನೆಯ ಮುಮ್ತಾಜ್ ಬಾಗಿಲಿಗೆ ಬಂದು, "ಏನಾತ್ರಿ ಅಣ್ಣಾರೆ, ನಯನಾ ನಕ್ಕಂಗೆ ಕೇಳ್ತು?" ಎಂದರು.

"ಹೌದಮ್ಮ," ಎಂದರು ಮೇಷ್ಟ್ರು. "ನಾನು ಫೇಲಾದೆ."

ನಯನಾ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು. ದೇವರ ಗೂಡಿನಿಂದ ಕುಂಕುಮ ಮೆತ್ತಿದ ಪೆನ್‌ಡ್ರೈವ್ ತೆಗೆದು ಅಪ್ಪನ ಅಂಗಿಯ ಜೇಬಿಗೆ ಹಾಕಿದಳು. ನಾಳೆ ಮಕ್ಕಳೆಲ್ಲ ಪಟ್ಟಿಗೆ ಮರಳಿ ಬರಬೇಕಲ್ಲ. ಆಮೇಲೆ ಚಕ್ಕಳಮಕ್ಕಳ ಹಾಕಿ ಎದುರಿಗೆ ಕೂತು, ತನ್ನ ಅಮ್ಮನ ಹಾಗೆಯೇ ಹುಬ್ಬು ಮೇಲೇರಿಸಿದಳು.

"ನೆಟ್ಟಗೆ ಕೂತ್ಕ ಅಪ್ಪಾ. ಕೊಕ್ಕೊದಾಗೆ ಸಾಲಿನಾಗೆ ಕೂಡೋರು ಎಷ್ಟು ಜನ?"

"ಹನ್ನೊಂದು," ಎಂದರು ಗಿಡ್ಡಪ್ಪ ಮೇಷ್ಟ್ರು, ಆ ನಗು ಇನ್ನೊಮ್ಮೆ ಕೇಳಲೆಂದು.