ಜುನಿಪರ್‌ಗೆ ಹುಷಾರಿಲ್ಲ

ಕೈಗುಣ ಎಂಬುದೊಂದು ಇದೆ ಎಂದು ನಾನು ಬಹಳ ಕಾಲ ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡರೆ ನನ್ನ ಮರ್ಯಾದೆಯೇ ಹೋಗುತ್ತಿತ್ತು. ನಾನು ನೆಟ್ಟ ತುಳಸಿ ಒಣಗಿದೆ, ಲೋಳೆಸರ ಕೊಳೆತಿದೆ. ಯಾರೂ ನೋಡದಿದ್ದರೂ ತಾನೇ ಬದುಕಿಕೊಳ್ಳುತ್ತದೆ ಎಂದು ಹೇಳಿ ಸಹೋದ್ಯೋಗಿಯೊಬ್ಬರು ಕೊಟ್ಟ ಕಳ್ಳಿ ಕೂಡ ನಮ್ಮ ಮನೆಯಲ್ಲಿ ಮೂರು ವಾರ ದಾಟಲಿಲ್ಲ. ನನ್ನ ಹೆಂಡತಿ ಶಿವಲೀಲಾ ಕಮಲಾಪುರದವಳು, ಕೆಂಪು ಬಾಳೆಯ ತೋಟದಲ್ಲಿ ಆಡಿ ಬೆಳೆದವಳು. ನಾನು ಯಾವುದಾದರೂ ಗಿಡದ ಹತ್ತಿರ ನಿಂತರೆ, ಹಾಲಿನ ಪಾತ್ರೆಯ ಹತ್ತಿರ ಬೆಕ್ಕನ್ನು ಕಂಡಂತೆ ಓಡಿ ಬರುತ್ತಾಳೆ. ಇಂಥವನಿಗೆ ಜಪಾನಿ ತೋಟದ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕೇಳಬಹುದು. ನಾನೊಂದು ಕಾಲೇಜಿನ ಗ್ರಂಥಪಾಲಕ. ಓದುವವರು ಕಡಿಮೆಯಾದ ಮೇಲೆ ಗ್ರಂಥಪಾಲಕನೇ ಕೂತು ಓದಬೇಕಾಗುತ್ತದೆ. ಹಾಗೆ ಓದುತ್ತಿದ್ದಾಗ ಒಂದು ದಪ್ಪ ಪುಸ್ತಕದಲ್ಲಿ ಆ ಚಿತ್ರಗಳು ಕಣ್ಣಿಗೆ ಬಿದ್ದವು. ನಾಲ್ಕು ಬಂಡೆ, ಒಂದಷ್ಟು ಬಿಳಿ ಕಲ್ಲುಹರಳು, ಒಂದು ಕುಳ್ಳ ಗಿಡ. ಅಷ್ಟೇ. ಇಷ್ಟು ಕಡಿಮೆ ಗಿಡ ಬೇಡುವ ತೋಟವೆಂದರೆ ನನಗಾಗಿಯೇ ಮಾಡಿದ್ದು ಅನ್ನಿಸಿತು.

ಕಲಬುರಗಿಯ ಕೋಟನೂರಿನಲ್ಲಿ ನಮ್ಮ ಮನೆಯ ಮುಂದೆ ಹತ್ತು ಅಡಿಗೆ ಹನ್ನೆರಡು ಅಡಿ ಜಾಗವಿದೆ. ಅಲ್ಲಿ ಶಹಾಬಾದಿನ ಫರ್ಸಿ ಕಲ್ಲು ಹಾಸಿ, ಒಂದು ಟಂಟಂ ಗಾಡಿ ತುಂಬ ಬಿಳಿ ಹರಳು ತಂದು ಸುರಿಸಿದೆ. ಹರಳಿನ ಮೇಲೆ ಹಲ್ಲುಗೋಲಿನಿಂದ ಅಲೆಗಳಂತೆ ಗೆರೆ ಎಳೆಯಬೇಕು, ನೋಡುವವರ ಮನಸ್ಸು ಶಾಂತವಾಗಬೇಕು, ಅದು ಕ್ರಮ. ಎದುರು ಮನೆಯ ರಫೀಕ್ ಸಾಹೇಬರು ಎರಡು ದಿನ ನೋಡಿ, ಮೇಲಿನ ಮಹಡಿಯ ಕೆಲಸ ಯಾವಾಗ ಶುರು ಎಂದು ಕೇಳಿದರು. ಇದು ಮಹಡಿಗಲ್ಲ, ಇದೇ ತೋಟ ಎಂದೆ. ಅವರು ಬಹಳ ಹೊತ್ತು ಹರಳನ್ನೇ ನೋಡಿ, ‘ಅಚ್ಛಾ’ ಎಂದು ಮೆಲ್ಲಗೆ ಹೇಳಿ ಹೋದರು. ಓಣಿಯ ಬೆಕ್ಕುಗಳಿಗೆ ಮಾತ್ರ ಆ ಜಾಗ ಯಾತಕ್ಕಾಗಿ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ದಿನಾ ಬೆಳಗ್ಗೆ ನಾನು ಅಲೆ ಎಳೆಯುವ ಮೊದಲು ಮಾಡಬೇಕಾಗಿದ್ದ ಕೆಲಸ ಯಾವುದೆಂದು ಇಲ್ಲಿ ಬರೆಯುವುದಿಲ್ಲ.

ತೋಟದ ಜೀವವೆಂದರೆ ಆ ಕುಳ್ಳ ಗಿಡ. ಜುನಿಪರ್ ಅಂತ ಅದರ ಹೆಸರು. ಸೂಜಿಯಂಥ ಎಲೆ, ನೀಲಿ ಬೆರೆತ ಹಸಿರು, ಮೊಣಕಾಲಿನಷ್ಟೂ ಎತ್ತರವಿಲ್ಲ. ಹತ್ತು ವರ್ಷ ಸಾಕಿದರೂ ಒಂದು ಗೇಣಿಗಿಂತ ಹೆಚ್ಚು ಬೆಳೆಯುವುದಿಲ್ಲ ಎಂದು ನರ್ಸರಿಯವನು ಹೆಮ್ಮೆಯಿಂದ ಹೇಳಿದ್ದ. ತಂಪು ದೇಶದ ಗಿಡ ಅದು. ನಮ್ಮ ಕಲಬುರಗಿಯಲ್ಲೋ ಏಪ್ರಿಲ್ ಬಂದರೆ ಕಾಗೆಗಳು ಕೂಡ ಬಾಯಿ ತೆರೆದುಕೊಂಡು ಕೂತಿರುತ್ತವೆ. ನನಗೆ ಅದರ ಮೇಲೆ ಕರುಳು ಚುರ್ ಎನ್ನುತ್ತಿತ್ತು. ಹಸಿರು ಪರದೆ ಕಟ್ಟಿದೆ. ನನಗೆ ಬಾಯಾರಿದಾಗಲೆಲ್ಲ ಅದಕ್ಕೂ ಬಾಯಾರಿರಬೇಕೆಂದು ಒಂದು ಚೊಂಬು ನೀರು ಹಾಕುತ್ತಿದ್ದೆ. ನಾನು ಬಹಳ ನೀರು ಕುಡಿಯುವ ಮನುಷ್ಯ.

ಅದೇ ಏಪ್ರಿಲಿನಲ್ಲಿ ನಮ್ಮ ಮಾವನವರು ಕಣ್ಣಿನ ಪೊರೆಯ ಆಪರೇಷನ್ನಿಗೆ ಕಲಬುರಗಿಗೆ ಬಂದರು. ಒಂದು ಕಣ್ಣು ಈಗ, ಇನ್ನೊಂದು ತಿಂಗಳು ಬಿಟ್ಟು. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ಔಷಧದ ಹನಿ, ಮೇಲಿಂದ ಮೇಲೆ ತಪಾಸಣೆ. ಧೂಳಿಗೆ, ಹೊಲಕ್ಕೆ ಹೋಗಲೇಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಆದ್ದರಿಂದ ನಮ್ಮಲ್ಲೇ ಇರುವುದೆಂದು ಶಿವಲೀಲಾ ತೀರ್ಮಾನ ಮಾಡಿದಳು. ಊರಲ್ಲಿ ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ ಅವರದು. ನಮ್ಮಲ್ಲಿ ಇರುವುದೆಂದರೆ ಅವರಿಗೆ ಮುಳ್ಳಿನ ಮೇಲೆ ಕೂತಂತೆ. ಹೆಣ್ಣು ಕೊಟ್ಟ ಮನೆಯಲ್ಲಿ ಕಾರಣವಿಲ್ಲದೆ ಕೂರಬಾರದು, ಕೂತರೂ ಒಂದು ಹೊತ್ತು ಉಂಡು ಏಳಬೇಕು ಎನ್ನುವ ಕಾಲದವರು. ಅಳಿಯನೆಂದರೆ ಇನ್ನೂ ಸಂಕೋಚ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಮ್ಮ ಮಾತುಕತೆ ಇಷ್ಟೇ. ನಾನು ಕಮಲಾಪುರಕ್ಕೆ ಹೋದರೆ ಅವರು ಹೊರಸಿನಿಂದ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಆರಾಮೇನ್ರಿ ಎನ್ನುತ್ತಿದ್ದರು. ನಾನು ಆರಾಮ್ರಿ ಎನ್ನುತ್ತಿದ್ದೆ. ಆಮೇಲೆ ಅವರು ತೋಟಕ್ಕೆ ಹೋದರೆ ಊಟದ ಹೊತ್ತಿಗೇ ಕಾಣುತ್ತಿದ್ದದ್ದು.

ಮೂರನೆಯ ದಿನಕ್ಕೇ ಅವರ ಕೈಚೀಲ ತುಂಬಿ ಬಾಗಿಲ ಬಳಿ ಬಂದು ಕೂತಿತು. ಶಿವಲೀಲಾ ಒಲೆ ಮುಂದೆ ನಿಂತು ಕಣ್ಣೊರೆಸಿಕೊಂಡಳು. ಧೂಳು ಬಿದ್ದು ಕಣ್ಣು ಕೆಟ್ಟರೆ ಯಾರು ಹೊಣೆ ಎಂದು ನನ್ನ ಮೇಲೆ ರೇಗಿದಳು, ಕೈಚೀಲ ನಾನೇ ತುಂಬಿದ ಹಾಗೆ. ಮರುದಿನ ಬೆಳಗ್ಗೆ ನಾನು ಹರಳಿನ ಮೇಲೆ ಅಲೆ ಎಳೆಯುತ್ತಿದ್ದಾಗ ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದರು. ಮಾತಿಗೆ ಏನೂ ಸಿಗದೆ ನಾನು ಜುನಿಪರ್ ತೋರಿಸಿದೆ. ಅವರು ಬೆತ್ತದ ಮೋಡಾ ಎಳೆದುಕೊಂಡು ಅದರ ಹತ್ತಿರ ಕೂತು, ಎಲೆ ಮುಟ್ಟಿ, ಕಾಂಡವನ್ನು ಉಗುರಿನಿಂದ ಒಂದಿಷ್ಟು ಕೆರೆದು ನೋಡಿದರು. ಹೆಂಗದ ಎಂದು ಕೇಳಿದೆ.

‘ಇದಕ್ಕ ದಿನಾ ಮುಂಜಾನೆ ಯಾರರ ಕುಂತು ನೋಡಬೇಕಾಗ್ತದ್ರಿ,’ ಎಂದರು.

ಅವತ್ತು ಸಂಜೆ ಕೈಚೀಲ ಒಳಗೆ ಹೋಯಿತು.

ಅಲ್ಲಿಂದ ಎರಡು ತಿಂಗಳು ದಿನವೂ ಬೆಳಗ್ಗೆ ಒಂದು ತಾಸು ನಾವಿಬ್ಬರೂ ಆ ಗಿಡದ ಆಚೆ ಈಚೆ ಕೂತೆವು. ಚೊಂಬು ಅವರು ತಮ್ಮ ಕೈಗೆ ತೆಗೆದುಕೊಂಡರು, ನನ್ನ ಕೈಗೆ ಚಹಾ ಕೊಟ್ಟರು. ಮೊದಲ ವಾರ ಇಬ್ಬರೂ ಗಿಡವನ್ನೇ ನೋಡಿದೆವು. ಆಮೇಲೆ ಒಂದೊಂದೇ ಮಾತು ಬಂತು. ಕೆಂಪು ಬಾಳೆ ಗೊನೆ ಹಾಕಲು ಎಷ್ಟು ಸತಾಯಿಸುತ್ತದೆ ಎಂದು ಹೇಳಿದರು. ಸಣ್ಣವಳಿದ್ದಾಗ ಶಿವಲೀಲಾ ಶಾಲೆ ತಪ್ಪಿಸಿ ಬಾಳೆಯ ಬುಡದಲ್ಲಿ ಮಲಗುತ್ತಿದ್ದಳೆಂದು ಹೇಳಿದರು. ಈ ಸುದ್ದಿಯನ್ನು ನಾನು ಆಮೇಲೆ ಎರಡು ಜಗಳದಲ್ಲಿ ಬಳಸಿಕೊಂಡೆ. ಮದುವೆಯ ದಿನ ಹೆಣ್ಣನ್ನು ಕಳಿಸಿಕೊಡುವಾಗ ನೀವು ಯಾಕೆ ಎಲ್ಲಿಯೂ ಕಾಣಲಿಲ್ಲ ಎಂದು ನಾನು ಒಂದು ದಿನ ಕೇಳಿಯೇಬಿಟ್ಟೆ. ಇಪ್ಪತ್ತೆರಡು ವರ್ಷ ಅದನ್ನು ಸೊಕ್ಕು ಎಂದು ತಿಳಿದಿದ್ದೆ. ತೋಟದಾಗ ಅಳ್ತಿದ್ದೆ ಎಂದು ಅವರು ಗಿಡದ ಕಡೆ ನೋಡುತ್ತಲೇ ಹೇಳಿದರು. ಗಿಡ ಇವತ್ತು ಚೆನ್ನಾಗಿ ಕಾಣುತ್ತಿದೆ ಎಂದೆ. ಹೌದ್ರಿ ಎಂದರು.

ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ಅಂಥ ಬಿಸಿಲಿನಲ್ಲೂ ಹಸಿರಾಗಿತ್ತು. ನನ್ನ ಎದೆ ಉಬ್ಬಿತು. ಕಾಲೇಜಿನವರನ್ನು ಕರೆತಂದು ತೋರಿಸಿ, ತಂಪು ದೇಶದ ಗಿಡವನ್ನು ಕಲಬುರಗಿಯಲ್ಲಿ ಬೆಳೆಸುವ ಬಗ್ಗೆ ಸಣ್ಣ ಭಾಷಣವನ್ನೂ ಮಾಡಿದೆ. ಮಾವನವರು ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು, ನಡುವೆ ಬಾಯಿ ಹಾಕಲಿಲ್ಲ.

ಎರಡನೆಯ ಕಣ್ಣೂ ವಾಸಿಯಾಗಿ ಅವರು ಊರಿಗೆ ಹೋದ ವಾರದಲ್ಲೇ ಗಿಡ ಮುಟ್ಟಿದಲ್ಲೆಲ್ಲ ಉದುರತೊಡಗಿತು. ಒಂದು ಟೊಂಗೆ ಮುರಿದುಕೊಂಡು ನರ್ಸರಿಗೆ ಓಡಿದೆ. ಅವನು ತೊಗಟೆ ಕೆರೆದು, ಒಳಗೆ ಕಂದಾಗಿದ್ದದ್ದನ್ನು ನನಗೆ ತೋರಿಸಿ, ಇದು ಸತ್ತು ಎರಡು ತಿಂಗಳಾಗ್ಯಾದ್ರಿ ಸರ ಎಂದ. ನೀರು ಹೆಚ್ಚಾಗಿ ಬೇರು ಕೊಳೆತಿದೆಯಂತೆ. ಈ ಜಾತಿಯ ಗಿಡ ಸತ್ತ ಮೇಲೂ ಬಹಳ ದಿನ ಹಸಿರಾಗಿಯೇ ನಿಂತಿರುತ್ತದಂತೆ. ತೊಗಟೆ ಕೆರೆದು ನೋಡಿದರೆ ಯಾವ ರೈತನಿಗೂ ಗೊತ್ತಾಗುತ್ತದೆ ಎಂದೂ ಹೇಳಿದ. ಎರಡು ಕಣ್ಣೂ ನೆಟ್ಟಗಿದ್ದ ನಾನು ಹೆಣವನ್ನು ಹೊಗಳುತ್ತ ಕೂತಿದ್ದೆ, ಕಪ್ಪು ಕನ್ನಡಕದ ಮನುಷ್ಯನಿಗೆ ಮೊದಲ ದಿನವೇ ತಿಳಿದಿತ್ತು.

ಭಾನುವಾರ ಕಮಲಾಪುರದ ಬಸ್ಸು ಹತ್ತಿದೆ. ಮಾವನವರು ತೋಟದಲ್ಲಿ ಒಣಗಿದ ಬಾಳೆ ಎಲೆ ಕೊಯ್ಯುತ್ತಿದ್ದರು. ಗಿಡ ಸತ್ತದ್ದು ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕುಡುಗೋಲು ಕೆಳಗಿಟ್ಟರು.

‘ಮಗಳ ಮನ್ಯಾಗ ಸುಮ್ನ ಕುಂತು ಉಣ್ಣಾಕ ನನಗ ಆಗಂಗಿಲ್ರಿ. ಗಿಡದ ನೆವ ಇತ್ತು, ಇದ್ದೆ,’ ಎಂದರು. ಮತ್ತೆ ಕುಡುಗೋಲು ಎತ್ತಿಕೊಂಡು, ‘ಹೇಳಿಬಿಟ್ಟಿದ್ರ ನೀವೂ ಮುಂಜಾನೆ ಹೊರಗ ಬರ್ತಿರಲಿಲ್ಲ,’ ಎಂದರು.

ಯಾವಾಗ ಬೇಕಾದರೂ ಬನ್ನಿ, ನೆವ ಯಾಕೆ ಬೇಕು ಎಂದೆ. ಅವರು ನಕ್ಕರು, ಹೂಂ ಅನ್ನಲಿಲ್ಲ.

ಮಳೆಗಾಲದಲ್ಲಿ ಅದೇ ಜಾತಿಯ ಇನ್ನೊಂದು ಗಿಡ ತಂದೆ. ಕೊಡಲು ನರ್ಸರಿಯವನು ಹಿಂದೆ ಮುಂದೆ ನೋಡಿದ, ಎಷ್ಟು ನೀರು ಹಾಕಬೇಕೆಂದು ನನ್ನ ಬಾಯಿಂದಲೇ ಎರಡು ಸಲ ಹೇಳಿಸಿದ. ಈ ಸಲ ಗಿಡ ನನ್ನ ಮಾನ ಕಾಪಾಡಿತು. ತುದಿತುದಿಯಲ್ಲೂ ಎಳೆ ಹಸಿರು ಚಿಗುರು. ಅದಕ್ಕೆ ಯಾರೂ ಬೇಕಾಗಿರಲಿಲ್ಲ. ದೀಪಾವಳಿಗೆ ಬರುವಂತೆ ಶಿವಲೀಲಾ ಅಪ್ಪನಿಗೆ ಮೂರು ಸಲ ಫೋನು ಮಾಡಿದಳು. ಈಗೇನು ಕೆಲಸ ಅಂತ ಬರಲಿ ಎಂದು ಮೂರು ಸಲವೂ ಅದೇ ಉತ್ತರ. ಬೆಳಗ್ಗೆ ನಾನೊಬ್ಬನೇ ಚಹಾ ಹಿಡಿದು ಕೂರುತ್ತಿದ್ದೆ. ಅಲೆಗಳನ್ನು ಎಷ್ಟು ನೀಟಾಗಿ ಎಳೆದರೂ ಮನಸ್ಸು ಶಾಂತವಾಗಲಿಲ್ಲ. ಕಡೆಗೆ ನಾನೇ ಫೋನು ತೆಗೆದುಕೊಂಡು, ‘ಮಾವಾರ, ಜುನಿಪರ್‌ಗೆ ಯಾಕೋ ಹುಷಾರಿಲ್ರಿ,’ ಎಂದೆ.

ಮರುದಿನ ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಹೆಗಲಲ್ಲಿ ಎರಡು ಜೊತೆ ಧೋತರದ ಚೀಲ. ನೀರು ಕೂಡ ಕುಡಿಯದೆ ನೇರವಾಗಿ ಗಿಡದ ಮುಂದೆ ಕೂತರು. ಚಿಗುರುಗಳ ಮೇಲೆ ಅಂಗೈ ಆಡಿಸಿದರು. ಇಷ್ಟು ಗಟ್ಟಿಮುಟ್ಟಾದ ಗಿಡ ಇಡೀ ಕೋಟನೂರಿನಲ್ಲಿ ಇರಲಿಲ್ಲ, ಮತ್ತು ಈಗ ಅವರ ಎರಡೂ ಕಣ್ಣು ಚೆನ್ನಾಗಿ ಕಾಣುತ್ತಿದ್ದವು.

‘ಭಾಳ ನಾಜೂಕ್ ಅದ್ರಿ,’ ಎಂದರು ಮಾವನವರು, ಮುಖ ಗಂಭೀರ ಮಾಡಿಕೊಂಡು. ‘ಒಂದು ಎಂಟು ದಿನರ ಕುಂತು ನೋಡಬೇಕಾಗ್ತದ.’ ಎಂದವರೇ ಚೀಲವನ್ನು ಮಗಳ ಕೈಗೆ ಕೊಟ್ಟರು.

ಎಂಟು ದಿನದಲ್ಲಿ ವಾಸಿಯಾಗುವ ಲಕ್ಷಣ ನನಗೆ ಕಾಣುತ್ತಿಲ್ಲ, ಹದಿನೈದಾದರೂ ಬೇಕಾದೀತು ಎಂದು ನಾನು ನನ್ನ ಅಭಿಪ್ರಾಯ ಹೇಳಿದೆ. ಗಿಡಗಳ ವಿಷಯದಲ್ಲಿ ನಾನು ಹೇಳಿದ ಮಾತಿಗೆ ಮಾವನವರು ಮನಸಾರೆ ಹೌದೆಂದು ತಲೆಯಾಡಿಸಿದ್ದು ಅದೇ ಮೊದಲು.