ಕೊನೆಯ ಕೊಳದ ಹಕ್ಕಿ

ಇಸ್ತ್ರಿ ಅಂಗಡಿಯವನಿಗೆ ಬೇಕಾಗಿದ್ದದ್ದು ಅಳುವುದಕ್ಕೊಂದು ಜಾಗ, ಅಷ್ಟೇ.

ಹೆಂಡತಿ ತೀರಿಕೊಂಡು ತಿಂಗಳಾಗುತ್ತ ಬಂದಿದ್ದರೂ ಅವನಿನ್ನೂ ನೆಟ್ಟಗೆ ಒಂದು ಸಲ ಅತ್ತಿರಲಿಲ್ಲ. ದುಃಖವಿಲ್ಲದೆ ಅಲ್ಲ, ಪುರುಸೊತ್ತು ಸಿಕ್ಕಿರಲಿಲ್ಲ. ಆಸ್ಪತ್ರೆಯಲ್ಲಿ ಯಾರೋ ಒಬ್ಬರು, ಇವನನ್ನು ಒಂಟಿಯಾಗಿ ಬಿಡಬೇಡಿ ಎಂದು ಹೋಗುತ್ತ ಹೋಗುತ್ತ ಹೇಳಿದ್ದರು. ಹೇಳಿದವರು ಯಾರೆಂದು ಯಾರಿಗೂ ನೆನಪಿಲ್ಲ, ಮಾತು ಮಾತ್ರ ಉಳಿದುಕೊಂಡಿತು. ಅಕ್ಕ ಅಂದೇ ಎರಡು ಸೂಟ್‌ಕೇಸು ಹೊತ್ತು ಬಂದು ತಮ್ಮನ ಮನೆಯಲ್ಲಿ ತಳವೂರಿದಳು. ಅವಳಿಗೆ ನಿದ್ದೆ ಬಂದಾಗ ಕಾಯುವುದಕ್ಕೆ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬರುತ್ತಿದ್ದರು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಅದರ ಸದ್ದಿನಲ್ಲಿ ಅಳೋಣವೆಂದರೆ, ಬಕೆಟ್ಟಿನ ತಳ ಮುಳುಗುವ ಮೊದಲೇ ಅಕ್ಕ ಬಾಗಿಲು ಬಡಿಯುತ್ತಿದ್ದಳು.

ಅಂಗಡಿಯಲ್ಲೂ ಅದೇ ಪಾಡು. ಒಮ್ಮೆ ಕಣ್ಣು ತುಂಬಿ ಒಂದು ಹನಿ ಯಾರದೋ ಬಿಳಿ ಅಂಗಿಯ ಮೇಲೆ ಬಿತ್ತು. ಅಂಗಿಯ ಯಜಮಾನರು ಎದುರಿಗೇ ನಿಂತಿದ್ದರು. ನೀರು ಚಿಮುಕಿಸಿದ್ದು ಅಂದುಕೊಳ್ಳುತ್ತೇನೆ ಬಿಡಪ್ಪ ಎಂದು ಸಮಾಧಾನ ಹೇಳಿ, ತೋಳು, ಕಾಲರು, ಬೆನ್ನು ಎಲ್ಲ ಮುಗಿಯುವವರೆಗೂ ತಮ್ಮ ಭಾವಮೈದುನನ ಹೆಂಡತಿ ಸತ್ತ ಕತೆಯನ್ನು ಒಂದಕ್ಷರವೂ ಬಿಡದೆ ಹೇಳಿದರು. ಹೀಗಾಗಿ ಅಳು ಅವನ ಗಂಟಲಲ್ಲಿ ಹಾಗೇ ಕೂತಿತ್ತು, ನೀರು ಚಿಮುಕಿಸಿ ಸುತ್ತಿಟ್ಟು ಮರೆತ ಬಟ್ಟೆಯ ಹಾಗೆ. ಇನ್ನೂ ಬಿಟ್ಟರೆ ಮುಗ್ಗಲು ಹಿಡಿಯುವುದೇ.

ಆ ಭಾನುವಾರ ಅಕ್ಕ ಒಲೆಯ ಮುಂದಿದ್ದಳು, ಮೇಷ್ಟ್ರು ಪೇಪರಿನ ಹಿಂದಿದ್ದರು. ಇಸ್ತ್ರಿ ಪೆಟ್ಟಿಗೆಯ ಹಿಡಿ ಸಡಿಲವಾಗಿದೆ, ರಿಪೇರಿಗೆ ಕೊಟ್ಟು ಬರುತ್ತೇನೆ ಎಂದು ಗೊಣಗಿ ಅವನು ಹೊರಬಿದ್ದ. ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟಿದ್ದ. ಅದನ್ನು ಅವರು ಗಮನಿಸುವಷ್ಟರಲ್ಲಿ ಅವನು ಬಸ್ಸಿನಲ್ಲಿದ್ದ.

ಊರು ಮುಗಿದ ಮೇಲೆ, ಬಸ್ಸು ತಿರುಗಿಸುವ ಜಾಗದಲ್ಲಿ ವನ್ಯಧಾಮದ ಗೇಟು. ಅವನು ಅಲ್ಲಿಗೆ ಹಿಂದೆಂದೂ ಹೋದವನಲ್ಲ. ಗಿರಾಕಿಯೊಬ್ಬನ ಪ್ಯಾಂಟಿನ ಅಂಚಿಗೆ ಅಂಟಿಕೊಂಡಿದ್ದ ಹುಲ್ಲಿನ ಮುಳ್ಳುಗಳನ್ನು ಕೀಳುತ್ತ ಇದೆಲ್ಲಿಂದ ಎಂದು ಕೇಳಿದಾಗ, ಕಾಡಿನ ದಾರಿಯಲ್ಲಿ ಅರ್ಧ ದಿನ ನಡೆದರೂ ಒಂದು ನರಪಿಳ್ಳೆಯೂ ಸಿಗಲಿಲ್ಲ ಎಂದು ಆ ಗಿರಾಕಿ ಬೇಸರಪಟ್ಟುಕೊಂಡಿದ್ದ. ಅವನ ಬೇಸರ ಇವನಿಗೆ ಆಸೆ ಹುಟ್ಟಿಸಿತ್ತು.

ಮೋಡ ಕವಿದಿತ್ತು. ಗೇಟಿನ ಗಾರ್ಡು ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಜನ ಯಾರೂ ಹೋಗದ ದಾರಿ ಯಾವುದು?" ಎಂದು ಇಸ್ತ್ರಿಯವನು ಕೇಳಿದ.

ಗಾರ್ಡು ತಲೆಯೆತ್ತಿದ. ಎದುರಿಗಿದ್ದವನ ಕೈಯಲ್ಲಿ ನೀರಿನ ಬಾಟಲಿ ಇಲ್ಲ, ಬೆನ್ನಿಗೆ ಚೀಲ ಇಲ್ಲ, ಗಡ್ಡ ಬೆಳೆದಿದೆ. "ಯಾಕೆ?"

"ಸುಮ್ನೆ. ನೀರಿನ ಹತ್ರ ಒಬ್ನೇ ಸ್ವಲ್ಪ ಹೊತ್ತು ಕೂತ್ಕೋಬೇಕು."

ಇದು ಅಪ್ಪಟ ನಿಜ. ಆದರೆ ಇದಕ್ಕಿಂತ ಕೆಟ್ಟದಾಗಿ ಕೇಳಿಸುವ ಸುಳ್ಳನ್ನು ಅವನು ಹುಡುಕಿದ್ದರೂ ಸಿಗುತ್ತಿರಲಿಲ್ಲ. ಗಾರ್ಡು ಉಗುರು ಕತ್ತರಿಯನ್ನು ಜೇಬಿಗಿಳಿಸಿ, ಈಜು ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ ಎಂದ ಇವನು. ದಾರಿ ತಪ್ಪಿದರೆ ಬೇಕಾಗುತ್ತದೆ ಎಂದು ಗಾರ್ಡು ಮನೆಯ ಫೋನ್ ನಂಬರು ಕೇಳಿ ಪಡೆದ. ಆಮೇಲೆ ಬಹಳ ಮೃದುವಾದ ದನಿಯಲ್ಲಿ, ಹಳದಿ ಬಾಣದ ಗುರುತು ಹಿಡಿದು ಹೋದರೆ ಕೊನೆಯ ಕೊಳ ಸಿಗುತ್ತದೆ, ಅವಸರವಿಲ್ಲದೆ ನಡೆಯಿರಿ ಎಂದ.

ಮೊದಲ ಕೊಳದ ಸುತ್ತ ಮಕ್ಕಳಿದ್ದರು, ಬಾತುಗಳಿದ್ದವು, ಎರಡರ ಗದ್ದಲಕ್ಕೂ ವ್ಯತ್ಯಾಸವಿರಲಿಲ್ಲ. ಎರಡನೆಯ ಕೊಳದಲ್ಲಿ ಸತ್ತ ಮರಗಳು ಸೊಂಟದವರೆಗೆ ನೀರಿನಲ್ಲಿ ನಿಂತಿದ್ದವು, ಯಾರೋ ಕರೆಯುತ್ತಾರೆಂದು ಕಾದು ಕಾದು ಮರೆತುಹೋದವರ ಹಾಗೆ. ಅಲ್ಲಿಂದ ಮುಂದೆ ಜೌಗಿನ ಮೇಲೆ ಹಲಗೆ ಹಾಸಿದ ದಾರಿ, ಆಮೇಲೆ ಬರೀ ಕಾಡು. ಬಿದ್ದ ಎಲೆಗಳು ಕಾಲಡಿ ಸದ್ದು ಮಾಡದಷ್ಟು ನೆನೆದಿದ್ದವು. ಕೊನೆಯ ಕೊಳ ಚಿಕ್ಕದು, ನೀರು ಕಪ್ಪು, ಆಚೆ ದಡದಲ್ಲಿ ಆಳೆತ್ತರದ ಜೊಂಡು. ಈಚೆ ಒಂದು ಮರದ ಬೆಂಚು. ಎಲ್ಲಿಯೂ ಯಾರೂ ಇಲ್ಲ.

ಅವನು ಕೂತ. ಅವನು ಉಜ್ಜಿಕೊಟ್ಟ ಬಟ್ಟೆಯನ್ನು ಹೆಂಡತಿ ಮಡಿಸುತ್ತಿದ್ದಳು. ಕೊನೆಯ ಮಡಿಕೆ ಆದಮೇಲೆ ಅಂಗೈಯಿಂದ ಒಂದು ಸಲ ಮೆಲ್ಲಗೆ ತಟ್ಟುತ್ತಿದ್ದಳು, ಮಗುವನ್ನು ಮಲಗಿಸುವ ಹಾಗೆ. ಅದು ನೆನಪಾದದ್ದೇ ತಡ, ಗಂಟಲಲ್ಲಿದ್ದದ್ದು ಅಲುಗಾಡಿತು. ಗಲ್ಲ ನಡುಗಿತು. ಬಾಯಿ ತನ್ನಷ್ಟಕ್ಕೆ ಸೊಟ್ಟಗಾಯಿತು.

ಹಿಂದಿನಿಂದ ಯಾರೋ ಕೆಮ್ಮಿದರು.

ಗಾರ್ಡು. ತಾನು ಸುಮ್ಮನೆ ಈ ಕಡೆ ಬಂದೆ ಎಂದು ಹೇಳಿ, ಬೆಂಚಿನ ನೀರಿನ ಕಡೆಯ ತುದಿಯಲ್ಲಿ ಇವನಿಗೂ ನೀರಿಗೂ ನಡುವೆ ಬರುವಂತೆ ಕೂತುಕೊಂಡ. ಇಂಥವರನ್ನು ಮಾತಾಡಿಸುತ್ತಲೇ ಇರಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಬದುಕು ದೊಡ್ಡದು ಎಂದು ಶುರುಮಾಡಿದವನು, ಅಲ್ಲಿಂದ ತನ್ನ ಮಂಡಿನೋವಿಗೆ, ಮಂಡಿನೋವಿನಿಂದ ತನ್ನ ಅತ್ತೆಗೆ, ಅತ್ತೆಯಿಂದ ಬಡ್ತಿ ತಪ್ಪಿಸಿದ ಮೇಲಧಿಕಾರಿಗೆ ಬಂದ. ಕೇಳುತ್ತ ಕೇಳುತ್ತ, ಇಬ್ಬರಲ್ಲಿ ನೀರಿಗೆ ಬೀಳಬೇಕಾದವನು ಯಾರೆಂದು ಇಸ್ತ್ರಿಯವನಿಗೇ ಅನುಮಾನ ಬಂತು. ಕೊನೆಗೆ ತಡೆಯಲಾರದೆ ತುಟಿಯ ಮೇಲೆ ಬೆರಳಿಟ್ಟ.

"ಹಕ್ಕಿ ನೋಡ್ತಿದೀನಿ. ಮಾತಾಡಿದ್ರೆ ಹಾರಿಹೋಗುತ್ತೆ."

"ಯಾವ ಹಕ್ಕಿ?"

ಇಸ್ತ್ರಿಯವನಿಗೆ ಗೊತ್ತಿದ್ದದ್ದು ಕಾಗೆ ಮತ್ತು ಪಾರಿವಾಳ. ಅವೂ ಒಣಹಾಕಿದ ಬಟ್ಟೆಯ ಮೇಲೆ ಮಾಡುವ ಗಲೀಜಿನಿಂದ. ಇಡೀ ಬದುಕಿನಲ್ಲಿ ಅವನು ಕಣ್ಣಿಟ್ಟು ನೋಡುತ್ತ ಬಂದಿದ್ದ ಜೀವ ಒಂದೇ. ಬೇರೆ ದಾರಿ ಕಾಣದೆ ಅದನ್ನೇ ಹೇಳಿದ.

"ಸಣ್ಣದು. ಬೂದಿ ಬಣ್ಣ. ಕತ್ತಿನ ಹತ್ರ ಒಂದು ಕಪ್ಪು ಮಚ್ಚೆ. ನಡೆಯೋವಾಗ ಎಡಗಾಲು ಸ್ವಲ್ಪ ಎಳೆಯುತ್ತೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ತನ್ನಷ್ಟಕ್ಕೆ ಮಾತಾಡ್ಕೊಳ್ತಾ ಇರುತ್ತೆ. ಯಾರಾದ್ರೂ ನೋಡ್ತಿದಾರೆ ಅಂತ ಗೊತ್ತಾದ್ರೆ ಸುಮ್ನಾಗಿಬಿಡುತ್ತೆ."

ಗಾರ್ಡಿನ ಎದೆಯ ಮೇಲಿಂದ ಒಂದು ಬಂಡೆ ಇಳಿಯಿತು. ಹಕ್ಕಿಯ ಕಾಲನ್ನು ಇಷ್ಟು ಚೆನ್ನಾಗಿ ನೋಡುವವನು ಸಾಯುವವನಲ್ಲ. ಆ ಸಂತೋಷದಲ್ಲಿ ವೈರ್‌ಲೆಸ್ ತೆಗೆದು, ಕೊನೆಯ ಕೊಳದಲ್ಲಿ ಒಬ್ಬರಿಗೆ ಏನೋ ಅಪರೂಪದ ಹಕ್ಕಿ ಕಾಣಿಸಿದೆ ಎಂದು ಕಚೇರಿಗೆ ತಿಳಿಸಿದ. ಗೇಟಿನಿಂದ ಹೊರಡುವ ಮೊದಲೇ ಇಸ್ತ್ರಿಯವನ ಮನೆಗೆ ಫೋನ್ ಮಾಡಿ ನಡುಗುವ ದನಿಯಲ್ಲಿ ಬೇಗ ಬನ್ನಿ ಎಂದದ್ದು ಮಾತ್ರ ಅವನಿಗೆ ಮರೆತೇಹೋಗಿತ್ತು.

ಮೊದಲು ಬಂದವರು ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಯಜಮಾನರೊಬ್ಬರು. ಪ್ರತಿ ಭಾನುವಾರ ಒಂದು ಗುಂಪನ್ನು ಕಟ್ಟಿಕೊಂಡು ಈ ಕಾಡಿನ ದಾರಿಗಳಲ್ಲಿ ನಡೆಯುವವರು, ಅಂಗಿಯ ತುಂಬ ಜೇಬುಗಳು. ಇಸ್ತ್ರಿಯವನ ಕೈಯಲ್ಲಿ ಮತ್ತೊಮ್ಮೆ ಎಲ್ಲವನ್ನೂ ಹೇಳಿಸಿ, ನಾಡಿ ಹಿಡಿದ ವೈದ್ಯರಂತೆ ಕಣ್ಣುಮುಚ್ಚಿ ಕೇಳಿದರು. ಮಚ್ಚೆ ಎಡಕ್ಕೋ ಬಲಕ್ಕೋ ಎಂದು ವಿಚಾರಿಸಿದರು. ಎಡಕ್ಕೆ, ಕಿವಿಯ ಕೆಳಗೆ ಎಂದು ಇವನು ಯೋಚಿಸದೆ ಹೇಳಿದ. ಹಕ್ಕಿಗೆ ಕಿವಿ ಎಲ್ಲಿರುತ್ತದೆಂದು ಯಾರೂ ಕೇಳಲಿಲ್ಲ. ಇದು ಈ ಕಡೆಯಿಂದ ಮಾಯವಾಗಿ ಎಷ್ಟೋ ವರ್ಷವಾದ ಜೌಗಿನ ಹಕ್ಕಿ, ಬೇರೆ ಇರಲು ಸಾಧ್ಯವಿಲ್ಲ ಎಂದು ಯಜಮಾನರು ತೀರ್ಪು ಕೊಟ್ಟರು.

ಗುಂಪು ದಡದುದ್ದಕ್ಕೂ ಹರಡಿಕೊಂಡಿತು. ಒಬ್ಬರಿಗೊಬ್ಬರು ಶ್ ಎನ್ನುವ ಸದ್ದಿಗೇ ಇದ್ದಬದ್ದ ನೀರುಕೋಳಿಗಳು ಎದ್ದುಹೋದವು. ನೀಲಿ ಟೋಪಿಯ ಹೆಂಗಸೊಬ್ಬಳು ಜೊಂಡು ಅಲ್ಲಾಡಿದ್ದನ್ನು ಕಂಡು, ಅಗೋ ಅಲ್ಲಿ ಎಂದಳು. ಅವಳು ಹೋದ ವಾರವಷ್ಟೇ ಗುಂಪಿಗೆ ಸೇರಿದವಳು. ಅವಳಿಗೆ ಕಂಡದ್ದು ತಮಗೆ ಕಾಣಲಿಲ್ಲವೆಂದರೆ ಹೇಗೆ? ಯಜಮಾನರಿಗೂ ಕಾಣಿಸಿತು, ಕಾಲು ಎಳೆಯುವುದೂ ಕಾಣಿಸಿತು. ಯಜಮಾನರಿಗೆ ಕಂಡ ಮೇಲೆ ಉಳಿದವರಿಗೆ ಕಾಣದಿರುವುದು ಕಷ್ಟವಾಯಿತು. ಗಾರ್ಡಂತೂ ತಾನು ಇದನ್ನು ಮೊನ್ನೆಯೇ ನೋಡಿದ್ದೆ, ಮೈನಾ ಇರಬೇಕೆಂದು ಬಿಟ್ಟಿದ್ದೆ ಎಂದ.

ಅಷ್ಟರಲ್ಲಿ ಹಲಗೆಯ ದಾರಿಯಲ್ಲಿ ಧಡಧಡ ಸದ್ದಾಯಿತು. ಅಕ್ಕ. ಅವಳ ಹಿಂದೆ ಒಂದು ಕಾಲಿನ ಚಪ್ಪಲಿಯನ್ನು ಕೆಸರಿಗೆ ಬಿಟ್ಟುಕೊಟ್ಟ ಮೇಷ್ಟ್ರು. ಅಕ್ಕನ ಮುಖ ಊದಿತ್ತು, ಕಣ್ಣುಗಳು ಕೆಂಪಾಗಿದ್ದವು. ತಮ್ಮ ಹೋಗಿಯೇಬಿಟ್ಟ ಎಂದುಕೊಂಡು ಮನೆಯಿಂದ ಕೊಳದವರೆಗೂ ಅವಳು ದಾರಿಯುದ್ದಕ್ಕೂ ಮನಸಾರೆ ಅತ್ತಿದ್ದಳು. ಅದನ್ನು ನೋಡಿ ಅವನಿಗೆ ಅಯ್ಯೋ ಅನ್ನಿಸುವ ಮೊದಲು ಹೊಟ್ಟೆಕಿಚ್ಚಾಯಿತು.

ಬೈಯಲು ಬಾಯಿ ತೆರೆದವಳನ್ನು ದುರ್ಬೀನು ಯಜಮಾನರು ಕೈಯೆತ್ತಿ ತಡೆದರು. ಅವಳ ತಮ್ಮ ಸಾಧಾರಣದವನಲ್ಲ, ಅವನು ಪತ್ತೆಹಚ್ಚಿದ ಹಕ್ಕಿ ಎಂಥದ್ದು ಗೊತ್ತೇ ಎಂದು ಪಿಸುದನಿಯಲ್ಲಿ ಎಲ್ಲವನ್ನೂ ಹೇಳತೊಡಗಿದರು. ಕತ್ತಿನ ಮಚ್ಚೆಗೆ ಬಂದಾಗ ಅಕ್ಕ ಕಣ್ಣೊರೆಸುತ್ತಿದ್ದ ಸೆರಗನ್ನು ಕೈಬಿಟ್ಟಳು. ಎಡಗಾಲಿಗೆ ಬಂದಾಗ ತಮ್ಮನ ಕಡೆ ತಿರುಗಿದಳು. ಬೆಳಗ್ಗೆ ಎದ್ದು ತನ್ನಷ್ಟಕ್ಕೆ ಮಾತಾಡಿಕೊಳ್ಳುವುದಕ್ಕೆ ಬಂದಾಗ ಅವಳ ಕೈ ಬಾಯಿಗೆ ಹೋಯಿತು.

ಒಬ್ಬಳಿಗಾದರೂ ಗೊತ್ತಾಯಿತು. ಇನ್ನು ನಾಟಕ ಸಾಕೆನ್ನಿಸಿ ಅವನು ಎದ್ದುನಿಂತ.

"ಹಕ್ಕಿ ಇಲ್ಲ. ನಾನು ಸುಳ್ಳು ಹೇಳ್ದೆ. ಅಳೋಕೆ ಅಂತ ಬಂದಿದ್ದೆ, ಅಷ್ಟೆ."

ಎಲ್ಲರೂ ಅವನನ್ನೇ ನೋಡಿದರು. ಬಳಿಕ ಯಜಮಾನರು ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು.

"ಬೇಜಾರು ಮಾಡ್ಕೋಬೇಡಿ. ಈಗ ಅದು ಒಳಗೆ ಸರ್ಕೊಂಡಿದೆ. ಕಣ್ಣಲ್ಲಿ ನೀರಿದ್ರೆ ದೂರದ್ದು ಕಾಣಲ್ಲ. ನಾವೆಲ್ಲ ನೋಡಿದೀವಲ್ಲ."

ಎಲ್ಲರೂ ತಲೆಯಾಡಿಸಿದರು. ಆಗಷ್ಟೇ ಬಂದು ಇನ್ನೂ ಏದುಸಿರು ನಿಲ್ಲದ ಮೇಷ್ಟ್ರು, ತಾನೂ ನೋಡಿದೆ, ಬೂದಿ ಬಣ್ಣವೇ ಎಂದು ಸಾಕ್ಷಿ ನುಡಿದರು. ಅವನು ಅಕ್ಕನ ಕಡೆ ತಿರುಗಿದ. "ಅಕ್ಕ, ನೀನಾದ್ರೂ ಹೇಳು."

ಅಕ್ಕ ಆಚೆ ದಡವನ್ನು ಬಹಳ ಹೊತ್ತು ನೋಡಿದಳು.

"ನಂಗೂ ಕಾಣಿಸ್ತು ಕಣೋ," ಎಂದಳು. "ಅದೇ ನಡಿಗೆ." ಮತ್ತು ಅವನ ತೋಳಿಗೆ ಮುಖವಿಟ್ಟು ಇನ್ನೊಂದು ಸುತ್ತು ಅಳತೊಡಗಿದಳು. ಅವಳ ಬೆನ್ನು ತಟ್ಟಿ ಸಮಾಧಾನ ಹೇಳುವ ಕೆಲಸ ಅವನ ಪಾಲಿಗೆ ಬಂತು. ತನ್ನದನ್ನು ಅವನು ಮತ್ತೆ ನುಂಗಿಕೊಂಡ.

ವೈರ್‌ಲೆಸ್ ಸುದ್ದಿ ಕೇಳಿದ ವನ್ಯಧಾಮದ ಅಧಿಕಾರಿ ಇಬ್ಬರು ಆಳುಗಳೊಂದಿಗೆ ಬಂದದ್ದು ಆಗಲೇ. ಇಷ್ಟು ಜನ ಕಂಡೆವೆಂದ ಮೇಲೆ ಅವರು ಕಾಣಬೇಕಾದ ಅಗತ್ಯವೇ ಇರಲಿಲ್ಲ. ನಾಚಿಕೆಯ ಹಕ್ಕಿ, ಗೂಡು ಕಟ್ಟುವ ಕಾಲ, ಮನುಷ್ಯರ ನೆರಳೂ ಬೀಳಬಾರದು ಎಂದು ಹೇಳಿ ಎಲ್ಲರನ್ನೂ ಹೊರಡಿಸಿದರು. ಆಳುಗಳು ಹಲಗೆ ದಾರಿಯ ಬಾಯಿಗೆ ಅಡ್ಡಲಾಗಿ ಹಗ್ಗ ಬಿಗಿದರು. ಕೊನೆಯ ಕೊಳದ ದಾರಿ ಬಂದ್. ಅಧಿಕಾರಿ ಇಸ್ತ್ರಿಯವನ ಕೈಕುಲುಕಿ, ನಿಮ್ಮಿಂದ ಈ ಜಾಗ ಉಳಿಯಿತು ಎಂದರು.

ಉಳಿದವರು ಗೇಟಿನ ಕಡೆ ನಡೆದರು. ಅವನು ಹಗ್ಗದ ಹತ್ತಿರ ಹಿಂದುಳಿದು, ಮರಗಳ ಸಂದಿಯಲ್ಲಿ ಬೆಂಚು ಕಾಣುತ್ತದೆಯೇ ಎಂದು ಬಗ್ಗಿ ನೋಡಿದ. ಕಾಣಲಿಲ್ಲ. ಗಂಟುಗಳನ್ನು ಎಳೆದು ನೋಡುತ್ತಿದ್ದ ಗಾರ್ಡನ್ನು ಕೇಳಿದ.

"ಮತ್ತೆ ಯಾವಾಗ ತೆಗೀತೀರಿ?"

"ಹಕ್ಕಿ ಹೋದ್ಮೇಲೆ."

"ಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?"

"ಯಾರ ಕಣ್ಣಿಗೂ ಬೀಳದೆ ಇದ್ರೆ ಹೋಯ್ತು ಅಂತಾನೇ." ಗಾರ್ಡು ಅವನ ಮುಖ ನೋಡಿ ಕನಿಕರದಿಂದ ದನಿ ತಗ್ಗಿಸಿದ. "ನೀವು ಯೋಚ್ನೆ ಮಾಡ್ಬೇಡಿ. ಅಷ್ಟು ಬೇಗ ಹೋಗೋಕೆ ಬಿಡ್ತೀನಾ? ದಿನಾ ಬೆಳಗ್ಗೆ ನಾನೇ ಬಂದು ನೋಡ್ತೀನಿ."